ಅಕ್ಕ-ತಂಗಿಯರ ಸಹಿ ಇಲ್ಲದ ಮನೆ ಕೊಳ್ಳಬೇಡಿ

ಊರ ಅಂಚಿನ ಹಳೆ ಬಡಾವಣೆಯಲ್ಲಿ ಸ್ವಂತ ಮನೆ ಕೊಳ್ಳಲು ಹೊರಟವರು ಮೊದಲು ನೋಡುವುದು ಬಾಗಿಲಿನ ದಿಕ್ಕು. ಆಮೇಲೆ ಬೋರಿನ ನೀರು, ಮುಂದಿನ ರಸ್ತೆಯ ಅಗಲ, ಅಕ್ಕಪಕ್ಕದವರು ಎಂಥವರು ಎಂಬುದು. ಇವೆಲ್ಲ ನೋಡಬೇಕಾದವೇ. ಆದರೆ ಈ ಮನೆ ಕಟ್ಟಿಸಿದವರಿಗೆ ಮಕ್ಕಳೆಷ್ಟು, ಅವರಲ್ಲಿ ಹೆಣ್ಣುಮಕ್ಕಳೆಷ್ಟು, ಅವರನ್ನು ಯಾವ ಊರಿಗೆ ಕೊಟ್ಟಿದ್ದಾರೆ ಎಂದು ಕೇಳುವವರು ತೀರ ಕಡಿಮೆ. ಸೊಲ್ಲಾಪುರ, ಅಕ್ಕಲಕೋಟ ಭಾಗದಲ್ಲಿ ಹಳೆ ಮನೆಯ ವ್ಯವಹಾರ ಕೋರ್ಟಿಗೆ ಹೋದಾಗಲೆಲ್ಲ ನನ್ನ ಕಣ್ಣಿಗೆ ಬಿದ್ದದ್ದು ಹೆಚ್ಚಾಗಿ ಇದೇ ಒಂದು ಕೊರತೆ. ಹನ್ನೂರ ಮತ್ತು ಸುತ್ತಲಿನ ಹಳ್ಳಿಗಳಿಂದ ಮಕ್ಕಳ ಓದಿಗೆಂದು, ಮುಪ್ಪಿನಲ್ಲಿ ದವಾಖಾನೆ ಹತ್ತಿರವಿರಲೆಂದು ಪಟ್ಟಣದಲ್ಲಿ ಮನೆ ಹುಡುಕುವ ನಮ್ಮ ಕನ್ನಡ ಮಂದಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಎಲ್ಲಿ ಹುಡುಕುವುದು ಎಂಬುದನ್ನು ಬೇಗ ಮುಗಿಸುತ್ತೇನೆ. ಸೊಲ್ಲಾಪುರದ ರೈಲ್ವೆ ಲೈನ್ಸ್, ಸಾತ ರಸ್ತಾ ಸುತ್ತಲಿನ ಬಂಗಲೆಗಳು ಸಾಮಾನ್ಯರ ಕೈಗೆ ಎಟುಕುವುದಿಲ್ಲ. ಸಾಧಾರಣ ಕುಟುಂಬದವರು ಹೋಗುವುದು ವಿಜಾಪುರ ರಸ್ತೆ, ಹೋಟಗಿ ರಸ್ತೆ, ಜುಳೆ ಸೊಲ್ಲಾಪುರ, ಅಕ್ಕಲಕೋಟ ರಸ್ತೆಯ ಕಡೆಗೆ. ಮಹಾನಗರಪಾಲಿಕೆ ಆದದ್ದು 1964ರಲ್ಲಿ. 1992ರಲ್ಲಿ ಹದ್ದು ಹಿಗ್ಗಿಸಿ ಬಾಳೆ, ಕೇಗಾವ, ಶೇಳಗಿ, ಮಜರೇವಾಡಿ, ಕುಮಠೆ, ಸೋರೇಗಾವದಂಥ ಹಳ್ಳಿಗಳನ್ನು ಒಳಗೆ ಸೇರಿಸಿಕೊಂಡರು. ‘ಹದ್ದವಾಢ ಭಾಗ’ ಎಂದು ಜನ ಇಂದಿಗೂ ಕರೆಯುವುದು ಇದನ್ನೇ. ಅಲ್ಲಿಯ ಮನೆಗಳಿಗೆ ಹಳ್ಳಿಯ ಕಾಗದವೂ ಇರುತ್ತದೆ, ಪಟ್ಟಣದ ಕಾಗದವೂ ಇರುತ್ತದೆ. ಗೊಂದಲ ಅಲ್ಲಿಂದಲೇ ಶುರು.

ಯಾವ ಕಾಗದ, ಎಷ್ಟು ಬೆಲೆ

ಮಾರುವವರು ಮೊದಲು ತೋರಿಸುವುದು ಪಾಲಿಕೆಯ ಮನೆಪಟ್ಟಿ ರಸೀತಿ, ಹಳ್ಳಿಯಾದರೆ ಗ್ರಾಮ ಪಂಚಾಯತಿಯ ನಮೂನಾ 8. ಇವೆರಡೂ ತೆರಿಗೆ ವಸೂಲಿಗೆ ಇಟ್ಟ ಲೆಕ್ಕ. ಇವುಗಳಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಮಾಲಕತ್ವ ಬರುವುದಿಲ್ಲ. ನೀವು ಕೇಳಬೇಕಾದದ್ದು ಸಿಟಿ ಸರ್ವೇ ಆಗಿದ್ದರೆ ಪ್ರಾಪರ್ಟಿ ಕಾರ್ಡ್, ಆಗಿಲ್ಲದಿದ್ದರೆ ಸಾತಬಾರಾ ಉತಾರ. ಡಿಜಿಟಲ್ ಸಹಿ ಇರುವ ಸಾತಬಾರಾ ಸರಕಾರದ ಜಾಲತಾಣದಲ್ಲಿ 15 ರೂಪಾಯಿಗೆ ಸಿಗುತ್ತದೆ. ಮಾರುವವರು ಕೊಟ್ಟ ಝೆರಾಕ್ಸ್ ಬದಿಗಿಟ್ಟು ನೀವೇ ಹೊಸದನ್ನು ತೆಗೆಸಿ.

ಉತಾರ ಕೈಗೆ ಬಂದ ಮೇಲೆ ಭೋಗವಟಾದಾರ ವರ್ಗ ನೋಡಿ. ವರ್ಗ 1 ಎಂದಿದ್ದರೆ ಮಾರಾಟಕ್ಕೆ ಅಡ್ಡಿಯಿಲ್ಲ. ವರ್ಗ 2 ಎಂದಿದ್ದರೆ ಜಿಲ್ಲಾಧಿಕಾರಿ ಕಚೇರಿಯ ಪರವಾನಗಿ ಬೇಕು. ಸರಕಾರ ಹಂಚಿದ ಜಾಗ, ವತನದ ಜಾಗಗಳು ಇದರಲ್ಲಿ ಬರುತ್ತವೆ. ದೇವಸ್ಥಾನದ ಇನಾಮ್ ಜಮೀನು ಎಂದು ಕಂಡರೆ ಎಷ್ಟೇ ಅಗ್ಗವಾಗಿದ್ದರೂ ಎದ್ದು ಬನ್ನಿ. ‘ಇತರ ಹಕ್ಕ’ ಎಂಬ ಕಾಲಂನಲ್ಲಿ ಬ್ಯಾಂಕಿನ ಬೋಜಾ, ಕುಳಗಳ (ಗೇಣಿದಾರರ) ಹೆಸರು, ಕುಳಕಾಯ್ದೆಯ ಕಲಂ 43ರ ನಿರ್ಬಂಧ ಇವೆಯೇ ಎಂದು ಓದಿಸಿಕೊಳ್ಳಿ. ಮರಾಠಿ ಕಾಗದ ಸರಾಗವಾಗಿ ಓದಲು ಬಾರದವರು ನಾಚಿಕೆ ಪಡಬೇಕಾಗಿಲ್ಲ. ಆದರೆ ದಲ್ಲಾಳಿಯ ಕೈಲಿ ಓದಿಸಬೇಡಿ. ಮನೆಯ ಕಾಲೇಜು ಹುಡುಗಿಯ ಕೈಲಿ ಓದಿಸಿದರೂ ಅದು ಮೇಲು.

ಜಾಗ ಬಿನಶೇತಿ, ಅಂದರೆ ಎನ್.ಎ., ಆಗಿರುವ ಆದೇಶ, ಮಂಜೂರಾದ ಲೇಔಟ್, ಪಾಲಿಕೆಯ ಬಾಂಧಕಾಮ ಪರವಾನಗಿ, ಮನೆ ಮುಗಿದಾಗ ಕೊಟ್ಟ ವಾಪರ ಪರವಾನಗಿ ಇವನ್ನೂ ಕೇಳಿ. ಗುಂಠೆವಾರಿ, ಅಂದರೆ ಮಂಜೂರಾತಿ ಇಲ್ಲದೆ ತುಂಡು ಮಾಡಿ ಮಾರಿದ ಜಾಗವಾದರೆ ಹೆಚ್ಚು ಎಚ್ಚರ ಬೇಕು. 2001ರ ಗುಂಠೆವಾರಿ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಬಂದು 2020ರ ಡಿಸೆಂಬರ್ 31ರವರೆಗಿನವಕ್ಕೂ ಸಕ್ರಮದ ದಾರಿ ತೆರೆಯಿತು ನಿಜ. ಆದರೆ ‘ಸಕ್ರಮ ಆಗ್ತದ’ ಎಂಬ ಮಾತಿಗೂ ‘ಸಕ್ರಮ ಆಗೇದ’ ಎಂಬ ಆದೇಶಕ್ಕೂ ಲಕ್ಷಗಟ್ಟಲೆ ವ್ಯತ್ಯಾಸವಿದೆ. ನೋಟರಿ ಮಾಡಿದ ಬಾಂಡ್ ಪೇಪರಿನ ಮೇಲೆ ಕೈ ಬದಲಾಗುತ್ತ ಬಂದ ಪ್ಲಾಟು ನಿಮಗೆ ಬೇಡವೇ ಬೇಡ. ಹಳೆ ಬಡಾವಣೆಗಳು ಬಹಳಷ್ಟು ಸಹಕಾರಿ ಗೃಹನಿರ್ಮಾಣ ಸಂಸ್ಥೆಗಳು ಮಾಡಿದವು. ಜಾಗ ಇನ್ನೂ ಸಂಸ್ಥೆಯ ಹೆಸರಿನಲ್ಲೇ ಇದ್ದರೆ ಸಂಸ್ಥೆಯ ಕಚೇರಿಗೂ ಹೋಗಿ ವಿಚಾರಿಸಿ.

ಒಂದು ಹೆಸರಿನ ಹಿಂದೆ ಎಷ್ಟು ಮಂದಿ

ಉತಾರದ ಮೇಲೆ ಒಂದೇ ಹೆಸರಿದೆ, ಆ ಮನುಷ್ಯ ಎದುರಿಗೇ ಕೂತಿದ್ದಾನೆ, ಆಧಾರ್ ಕಾರ್ಡೂ ಸರಿಹೊಂದುತ್ತದೆ. ಎಲ್ಲ ಮುಗಿಯಿತು ಎಂದು ಕೊಳ್ಳುವವರು ಇಸಾರ ಕೊಟ್ಟುಬಿಡುತ್ತಾರೆ. ಇಲ್ಲಿ ನಿಲ್ಲಬೇಕು. ಆ ಹೆಸರು ಅಲ್ಲಿಗೆ ಬಂದದ್ದು ಹೇಗೆ ಎಂಬುದನ್ನು ಫೇರಫಾರ, ಅಂದರೆ ಹಕ್ಕು ಬದಲಾವಣೆಯ ದಾಖಲೆ, ಹೇಳುತ್ತದೆ. ಉತಾರದಲ್ಲಿ ಹೆಸರಿನ ಜೊತೆಗೆ ಫೇರಫಾರದ ನಂಬರು ಇರುತ್ತದೆ. ಆ ನಂಬರಿನ ನಕಲು ತೆಗೆಸಿ, ಅದರ ಹಿಂದಿನದನ್ನೂ ತೆಗೆಸಿ. ಖರೀದಿಯಿಂದ ಬಂದಿದ್ದರೆ ಖರೀದಿಖತ ಕೇಳಿ. ಖಾತೇದಾರ ಮಯತನಾಗಿ ವಾರಸರ ಹೆಸರು ಹಚ್ಚಿದ್ದರೆ, ಆ ವಾರಸರ ಪಟ್ಟಿಯನ್ನು ಬೆರಳಿಟ್ಟು ಓದಿ. ಗಂಡುಮಕ್ಕಳ ಹೆಸರಷ್ಟೇ ಇದೆಯೇ? ಹೆಣ್ಣುಮಕ್ಕಳು ಇರಲೇ ಇಲ್ಲವೇ, ಇದ್ದೂ ಬರೆಸಲಿಲ್ಲವೇ? ತಾಯಿಯ ಹೆಸರು ಎಲ್ಲಿ?

ಹೆಸರಿನ ಮುಂದೆ ‘ಏ.ಕು.ಮ್ಯಾ.’ ಎಂಬ ಮೂರು ಪುಟ್ಟ ಅಕ್ಷರಗಳು ಕಂಡರೆ ಅಲ್ಲೇ ಕುಳಿತುಬಿಡಿ. ಏಕತ್ರ ಕುಟುಂಬ ಮ್ಯಾನೇಜರ್ ಎಂದು ಅದರ ಅರ್ಥ. ಹಿರಿಯಣ್ಣ ಇಡೀ ಮನೆತನದ ಪರವಾಗಿ ತನ್ನ ಹೆಸರು ಹಚ್ಚಿಸಿದ್ದಾನೆ, ಉಳಿದವರು ಆ ಅಕ್ಷರಗಳ ಹಿಂದೆ ಇದ್ದಾರೆ. ಎಷ್ಟೋ ಕಡೆ ಕೈಬರಹದ ಹಳೆ ಉತಾರದಲ್ಲಿದ್ದ ಈ ಗುರುತು ಹೊಸ ಪ್ರತಿಯಲ್ಲಿ ಕಾಣುವುದಿಲ್ಲ. ಆದ್ದರಿಂದ ಹಳೆಯದನ್ನೂ ತೆಗೆಸಿ ನೋಡಬೇಕು. ‘ಅ.ಪಾ.ಕ.’, ಅಂದರೆ ಅಜ್ಞಾನ ಪಾಲನ ಕರ್ತಾ, ಎಂದಿದ್ದರೆ ವಯಸ್ಸಿಗೆ ಬಾರದ ಯಾವುದೋ ಮಗುವಿನ ಪಾಲು ಅದರಲ್ಲಿತ್ತು ಎಂದಾಯಿತು. ಆ ಮಗು ಈಗ ದೊಡ್ಡದಾಗಿದ್ದರೆ ಅವರ ಸಹಿ ಬೇಕು. ಇನ್ನೂ ಚಿಕ್ಕದಿದ್ದರೆ ಅದರ ಸ್ವಂತ ಪಾಲಿಗೆ ಜಿಲ್ಲಾ ನ್ಯಾಯಾಲಯದ ಪರವಾನಗಿ ಬೇಕು.

ಹೆಣ್ಣುಮಕ್ಕಳ ಮಾತು ತೆಗೆದಾಗ ನಮ್ಮ ಕಡೆ ಸಿಗುವ ಉತ್ತರ ಒಂದೇ: ‘ಅಕ್ಕನ್ನ ಕೇಳೀವಿ ಬಿಡ್ರೀ ಅಣ್ಣಾರ, ಆಕಿ ಏನೂ ಅನ್ನಂಗಿಲ್ಲ. ಆಕಿದು ಲಗ್ನ ಆಗೇ ಮೂವತ್ತು ವರ್ಷಾತು.’ ಮಾರುವವರು ಸುಳ್ಳು ಹೇಳುತ್ತಿರುವುದಿಲ್ಲ. ತವರಿನ ಮೇಲಿನ ಪ್ರೀತಿಗೆ ಆ ಅಕ್ಕ ನಿಜವಾಗಿಯೂ ಏನೂ ಅನ್ನದೆ ಇರಬಹುದು. ಆದರೆ ಅವಳ ಗಂಡ ತೀರಿಕೊಂಡ ದಿನ, ಅವಳ ಮಗನ ವ್ಯಾಪಾರ ಮುಳುಗಿದ ದಿನ, ಹೋಟಗಿ ರಸ್ತೆಯ ಜಾಗದ ಧಾರಣೆ ಅವರ ಕಿವಿಗೆ ಬಿದ್ದ ದಿನ ಏನಾಗುತ್ತದೆ? ಅಂದು ಅವಳು ಕೇಳುವುದು ತಪ್ಪೂ ಅಲ್ಲ, ಆಕೆಯ ಪಾಲು ಆಕೆಯದೇ. ಕಷ್ಟಕ್ಕೆ ಬೀಳುವವರು ನೀವು.

ಕಾಯ್ದೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಊರೆಲ್ಲ ಹಬ್ಬಿದೆ. ‘1994ಕ್ಕಿಂತ ಮೊದಲು ಲಗ್ನ ಆದವರಿಗೆ ಪಾಲಿಲ್ಲ’ ಎನ್ನುತ್ತಾರೆ. 1994ರಲ್ಲಿ ಮಹಾರಾಷ್ಟ್ರ ತಂದ ತಿದ್ದುಪಡಿಯಲ್ಲಿ ಹಾಗೊಂದು ಮಾತಿತ್ತು. ಅದು ಪಿತ್ರಾರ್ಜಿತ ಕೂಡುಕುಟುಂಬದ ಆಸ್ತಿಗೆ ಸಂಬಂಧಿಸಿದ್ದು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದು ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಎಂದಿತು. ಅಂದು ತಂದೆ ಬದುಕಿರಬೇಕೆಂಬ ಶರತ್ತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ಕಾಯ್ದೆಬದ್ಧವಾಗಿ ಆಗಿಹೋದ ವಾಟಣಿಗಳನ್ನು ಮಾತ್ರ ಕೆದಕುವಂತಿಲ್ಲ.

ಆದರೆ ನೀವು ಕೊಳ್ಳಹೊರಟ ಮನೆಗೆ ಈ ಚರ್ಚೆ ಬಹಳ ಸಲ ಬೇಕಾಗುವುದೇ ಇಲ್ಲ. ಈ ಬಡಾವಣೆಗಳ ಮನೆಗಳನ್ನು ಹೆಚ್ಚಾಗಿ ಕಟ್ಟಿಸಿದವರು ಮಿಲ್ಲು, ರೈಲ್ವೆ, ಶಾಲೆಗಳಲ್ಲಿ ದುಡಿದ ನೌಕರರು, ತಮ್ಮ ಗಳಿಕೆಯಿಂದ. ತಂದೆ ತಾನು ಗಳಿಸಿದ ಮನೆಗೆ ಮೃತ್ಯುಪತ್ರ ಬರೆಯದೆ ತೀರಿಕೊಂಡರೆ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿದೆ. ಲಗ್ನ ಯಾವಾಗ ಆಯಿತು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ವಾಸದ ಮನೆಯಲ್ಲಿ ಪಾಲು ಕೇಳದಂತೆ ಹೆಣ್ಣುಮಕ್ಕಳನ್ನು ತಡೆಯುತ್ತಿದ್ದ ಕಲಂ 23ನ್ನೂ 2005ರಲ್ಲಿ ತೆಗೆದುಹಾಕಿದರು. ಮುಸ್ಲಿಂ ಕುಟುಂಬದ ಮನೆಯಾದರೆ ಲೆಕ್ಕ ಬೇರೆ, ಆದರೆ ಅಲ್ಲೂ ಮಗಳಿಗೆ ಪಾಲು ಇದ್ದೇ ಇದೆ.

ಹಾಗಾದರೆ ಮಾಡಬೇಕಾದದ್ದೇನು? ಮಾರುವವರ ವಂಶಾವಳಿ ಕೇಳಿ, ಪ್ರತಿಜ್ಞಾಪತ್ರದ ಮೇಲೆ ಬರೆಸಿಕೊಳ್ಳಿ. ಅಷ್ಟಕ್ಕೇ ನಂಬಬೇಡಿ. ಓಣಿಯ ಹಿರಿಯ ಹೆಣ್ಣುಮಕ್ಕಳನ್ನು ಮಾತಾಡಿಸಿ. ಆ ಮನೆಯ ಹೆಣ್ಣುಮಕ್ಕಳನ್ನು ಇಂಡಿಗೆ ಕೊಟ್ಟಿದ್ದಾರೋ ಅಫಜಲಪುರಕ್ಕೆ ಕೊಟ್ಟಿದ್ದಾರೋ ಅವರು ನಿಂತಲ್ಲೇ ಹೇಳುತ್ತಾರೆ, ಯಾವ ಕಚೇರಿಯ ದಫ್ತರೂ ಅಷ್ಟು ಪಕ್ಕಾ ಇರುವುದಿಲ್ಲ. ಒಬ್ಬ ಮಗಳು ತೀರಿಕೊಂಡಿದ್ದರೆ ಅವಳ ಮಕ್ಕಳ ಸಹಿ, ಸಂದರ್ಭ ನೋಡಿ ಗಂಡನ ಸಹಿಯೂ ಬೇಕು.

‘ಹಕ್ಕಸೋಡ ಪತ್ರ ಆಗೇದ’ ಎಂದರೆ ನೋಂದಣಿ ಆಗಿದೆಯೇ ನೋಡಿ. ಬಿಳಿ ಹಾಳೆಯ ಮೇಲೆ, ನೂರರ ಬಾಂಡಿನ ಮೇಲೆ, ನೋಟರಿಯ ಮುಂದೆ ಬರೆದುಕೊಟ್ಟದ್ದು ಸ್ಥಿರಾಸ್ತಿಗೆ ನಡೆಯುವುದಿಲ್ಲ. ಪಿತ್ರಾರ್ಜಿತ ಆಸ್ತಿಯ ಹಕ್ಕನ್ನು ಹಣ ಪಡೆಯದೆ ಒಡಹುಟ್ಟಿದವರಿಗೆ ಬಿಟ್ಟುಕೊಡಲು ಸ್ಟ್ಯಾಂಪಿನ ಖರ್ಚು ಕೆಲವೇ ನೂರು ರೂಪಾಯಿ. ಅಷ್ಟಕ್ಕೆ ಹಿಂಜರಿಯುವ ಮಾರಾಟಗಾರನ ಬಗ್ಗೆ ಯೋಚಿಸಬೇಕಾಗುತ್ತದೆ. ಇದರ ನೋಂದಣಿ ಆಸ್ತಿ ಇರುವ ಮಹಾರಾಷ್ಟ್ರದ ಕಚೇರಿಯಲ್ಲೇ ಆಗಬೇಕು. ಕರ್ನಾಟಕದಲ್ಲಿರುವ ಅಕ್ಕ ಬರಲಾಗದಷ್ಟು ವಯಸ್ಸಾದವರಾದರೆ ಅವರಿರುವ ಊರಿನ ಸಬ್ ರಜಿಸ್ಟ್ರಾರ್ ಮುಂದೆ ಮುಖತ್ಯಾರ ಪತ್ರ ಮಾಡಿಸಿ ತರಬಹುದು. ಅದು ಮಹಾರಾಷ್ಟ್ರಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿಯ ಸ್ಟ್ಯಾಂಪಿನ ವ್ಯತ್ಯಾಸವನ್ನೂ ತುಂಬಬೇಕು. ಇದು ಬಹಳ ಮಂದಿ ಮರೆಯುವ ಸಂಗತಿ.

ನನ್ನ ಸಲಹೆ ಇನ್ನೂ ಒಂದು ಹೆಜ್ಜೆ ಮುಂದಿನದು. ಅಕ್ಕ-ತಂಗಿಯರನ್ನು ಬರೀ ‘ಮಾನ್ಯತೆ ಕೊಡುವವರು’ ಎಂದು ಕೊನೆಯ ಪುಟದಲ್ಲಿ ಕೂರಿಸಬೇಡಿ. ಖರೀದಿಖತದ ಮೊದಲ ಪುಟದಲ್ಲೇ ‘ಲಿಹೂನ ದೇಣಾರ’ರಲ್ಲಿ, ಅಂದರೆ ಬರೆದುಕೊಡುವವರಲ್ಲಿ, ಅವರ ಹೆಸರು ಬರಲಿ, ಅವರ ಪಾಲಿನ ಚೆಕ್ಕು ಅವರ ಹೆಸರಿಗೇ ಹೋಗಲಿ. ಆ ಹಣವನ್ನು ಅವರು ತಮ್ಮನಿಗೆ ಕೊಡುತ್ತಾರೋ ಇಟ್ಟುಕೊಳ್ಳುತ್ತಾರೋ ಅವರಿಗೆ ಬಿಟ್ಟದ್ದು. ಹೆಸರಿನ ಬರವಣಿಗೆಯೂ ನೋಡಿಕೊಳ್ಳಿ. ತವರಿನ ಮರಾಠಿ ಕಾಗದದಲ್ಲಿ ತಂದೆಯ ಹೆಸರು, ಮನೆತನದ ಆಡನಾಂವ. ಕರ್ನಾಟಕದ ಆಧಾರಿನಲ್ಲಿ ಗಂಡನ ಹೆಸರು ಅಥವಾ ಬರೀ ಇನಿಶಿಯಲ್. ಸಿದ್ಧರಾಮಪ್ಪ ಒಂದು ಕಡೆ ಸಿದ್ರಾಮ, ಇನ್ನೊಂದು ಕಡೆ ಸಿದ್ದಾರಾಮ. ಇಬ್ಬರೂ ಒಬ್ಬರೇ ಎಂಬ ಪ್ರತಿಜ್ಞಾಪತ್ರ ಮೊದಲೇ ಮಾಡಿಸಿಟ್ಟುಕೊಂಡರೆ ನೋಂದಣಿಯ ದಿನ ಎಲ್ಲರೂ ಬಂದು ಬರಿಗೈಲಿ ಮರಳುವುದು ತಪ್ಪುತ್ತದೆ. ಜಾಹೀರ ನೋಟಿಸನ್ನು ಮರಾಠಿ ಪತ್ರಿಕೆಯ ಜೊತೆಗೆ ಆ ಹೆಣ್ಣುಮಕ್ಕಳ ಊರಿಗೆ ಹೋಗುವ ಕನ್ನಡ ಪತ್ರಿಕೆಯಲ್ಲೂ ಕೊಡಿ.

ಇನ್ನು ಮನೆ

ಕಪ್ಪುಮಣ್ಣಿನ ನೆಲ ಬೇಸಿಗೆಯಲ್ಲಿ ಬಾಯಿಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ ಬಿರುಕು, ಒಂದು ಕಡೆ ಕುಸಿದ ಶಹಾಬಾದ ಫರಸಿ ಇವು ಬುನಾದಿ ಗಟ್ಟಿ ನೆಲ ಮುಟ್ಟಿಲ್ಲ ಎಂಬುದರ ಗುರುತು. ಹೊಸ ಬಣ್ಣ ಬಳಿದ ಗೋಡೆಯನ್ನು ಇನ್ನಷ್ಟು ಹತ್ತಿರದಿಂದ ನೋಡಿ, ಒಬ್ಬ ಹಳೆ ಗೌಂಡಿಯನ್ನು ಕರೆದೊಯ್ಯಿರಿ. ಉಜನಿ ಅಣೆಕಟ್ಟಿನ ನೀರು ಸೊಲ್ಲಾಪುರದ ನಳಕ್ಕೆ ದಿನವೂ ಬರದಿರುವುದರಿಂದ ನೆಲದೊಳಗಿನ ಹೌದ ಎಷ್ಟು ದೊಡ್ಡದು ಎಂಬುದು ಹಾಲ್ ಎಷ್ಟು ದೊಡ್ಡದು ಎಂಬುದಕ್ಕಿಂತ ಮುಖ್ಯ. ತಗ್ಗಿನ ಓಣಿಯಾದರೆ ಮಳೆಗಾಲದಲ್ಲಿ ಒಮ್ಮೆ ನೋಡದೆ ಮಾತು ಮುಗಿಸಬೇಡಿ. ಅಕ್ಕಲಕೋಟದಲ್ಲಿ ಸ್ವಾಮಿ ಸಮರ್ಥರ ಗುಡಿಯ ದಾರಿಗೆ ಹತ್ತಿರದ ಮನೆ ಸೋಮವಾರ ಶಾಂತವಾಗಿ ಕಾಣುತ್ತದೆ. ಗುರುವಾರ ಹೋಗಿ ನೋಡಿ, ಗೇಟಿನ ಮುಂದೆ ಯಾರ ಗಾಡಿ ನಿಂತಿರುತ್ತದೆ ಎಂದು. ಹೋಟಗಿ ರಸ್ತೆಯಲ್ಲಿ ಮೇಲೊಂದು ಮಹಡಿ ಏರಿಸುವ ಆಸೆಯಿದ್ದರೆ ವಿಮಾನ ನಿಲ್ದಾಣದ ಎತ್ತರದ ಮಿತಿಯನ್ನು ಪಾಲಿಕೆಯಲ್ಲಿ ವಿಚಾರಿಸಿ. ವಿಮಾನಕ್ಕೆ ಅಡ್ಡವೆಂದು 2023ರ ಜೂನ್‌ನಲ್ಲಿ ಸಿದ್ಧೇಶ್ವರ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನೇ ಕೆಡವಿದ್ದನ್ನು ಊರು ನೋಡಿದೆ. ನಗರ ರಚನಾ ವಿಭಾಗದಲ್ಲಿ ರಸ್ತೆ ಅಗಲೀಕರಣ, ಆರಕ್ಷಣ ಇದೆಯೇ ಎಂಬುದನ್ನೂ ಅದೇ ದಿನ ಕೇಳಿಬಿಡಿ. ಗಡಿ ತಕರಾರು ಕಂಡರೆ ಭೂಮಿ ಅಭಿಲೇಖ ಕಚೇರಿಯಿಂದ ಮೋಜಣಿ ಮಾಡಿಸಿ.

ಹಣ ಮತ್ತು ನೋಂದಣಿ

ಪುಟದಲ್ಲಿ ಜಾಗ ಕಡಿಮೆ ಇರುವುದರಿಂದ ಮುಖ್ಯವಾದವು ಮಾತ್ರ. ವಕೀಲರಿಂದ 30 ವರ್ಷದ ಸರ್ಚ್ ರಿಪೋರ್ಟ್. ಇಸಾರ ಚಿಕ್ಕದಿರಲಿ, ಸಾಠೇಖತ (ಖರೀದಿ ಕರಾರು) ನೋಂದಣಿಯಾಗಲಿ. 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟದ್ದು ನಗದಿನಲ್ಲಿ ಬೇಡ. ಬೆಲೆ 50 ಲಕ್ಷ ಮುಟ್ಟಿದರೆ ಶೇಕಡಾ 1ರಷ್ಟು ಆದಾಯ ತೆರಿಗೆಯನ್ನು ನೀವೇ ಮುರಿದುಕೊಂಡು ತುಂಬಬೇಕು. ಸೊಲ್ಲಾಪುರ ಪಾಲಿಕೆಯ ಹದ್ದಿನಲ್ಲಿ ಸ್ಟ್ಯಾಂಪ್ ಸೆಸ್ ಸೇರಿ ಶೇಕಡಾ 6; ನಿಮ್ಮ ಬೆಲೆ, ಸರಕಾರದ ರೆಡಿ ರೆಕನರ್ ಬೆಲೆ ಇವೆರಡರಲ್ಲಿ ಹೆಚ್ಚಿನದರ ಮೇಲೆ. ವಾಸದ ಮನೆಯನ್ನು ಹೆಣ್ಣುಮಕ್ಕಳ ಹೆಸರಿನಲ್ಲಷ್ಟೇ ಕೊಂಡರೆ ಶೇಕಡಾ 1 ರಿಯಾಯಿತಿ ಇದೆ. ನೋಂದಣಿ ಶುಲ್ಕ ಶೇಕಡಾ 1, ಗರಿಷ್ಠ 30,000. ಮನೆಪಟ್ಟಿ, ನೀರಿನ ಪಟ್ಟಿ, ಮಹಾವಿತರಣದ ಬಿಲ್ಲು ಬಾಕಿಯಿಲ್ಲದ ರಸೀತಿಗಳನ್ನು ಕೊನೆಯ ಚೆಕ್ಕಿಗೆ ಮೊದಲೇ ಕೈಗೆ ತೆಗೆದುಕೊಳ್ಳಿ. ನೋಂದಣಿಯಾದ ಮೇಲೆ ಇಂಡೆಕ್ಸ್ ಟೂ ಪ್ರತಿ ತಂದು ಫೇರಫಾರಕ್ಕೆ ಅರ್ಜಿ ಹಾಕಿ, ತಕರಾರಿಗೆ ಕೊಟ್ಟ 15 ದಿನ ಕಳೆದು ಮಂಜೂರಾದ ಕೂಡಲೇ ಹೊಸ ಉತಾರ ತೆಗೆಸಿ ನಿಮ್ಮ ಹೆಸರಿನ ಅಕ್ಷರಗಳು ಆಧಾರಿನಂತೆಯೇ ಇವೆಯೇ ನೋಡಿ. ತಪ್ಪಿದ್ದರೆ ಅದೇ ವಾರ ದುರುಸ್ತಿಯ ಅರ್ಜಿ ಕೊಡಿ.