ಕಾತ್ಯಾಯನಿಯ ಪಾಲು: ಸ್ತ್ರೀಸ್ವಾತಂತ್ರ್ಯ, ಅಂದು ಮತ್ತು ಇಂದು

ಸ್ತ್ರೀಸ್ವಾತಂತ್ರ್ಯದ ವಿಚಾರ ಬಂದಾಗ ನಮ್ಮಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ‘ವೇದಕಾಲದಲ್ಲಿಯೇ ಗಾರ್ಗಿ, ಮೈತ್ರೇಯಿಯರಿದ್ದರು, ನಮ್ಮ ಸ್ತ್ರೀಯರಿಗೆ ಹೊಸದಾಗಿ ಯಾರೂ ಸ್ವಾತಂತ್ರ್ಯವನ್ನು ತಂದುಕೊಡಬೇಕಾಗಿಲ್ಲ’ ಎಂದು ಹಿರಿಯರು ಹೇಳುತ್ತಾರೆ. ‘ಹಿಂದೆ ಇದ್ದುದೆಲ್ಲ ಬಂಧನ, ಸ್ವಾತಂತ್ರ್ಯವೆಂಬುದು ಈ ಕಾಲದ ಕೊಡುಗೆ’ ಎಂದು ಕಿರಿಯರು ವಾದಿಸುತ್ತಾರೆ. ಊರು ಬಿಟ್ಟು ಬಂದು ಬೊರಿವಲಿಯಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಅಜ್ಜಿ, ಸೊಸೆ, ಮೊಮ್ಮಗಳು ಒಂದೇ ಅಡುಗೆಮನೆಯಲ್ಲಿ ಈ ಎರಡೂ ಮಾತುಗಳನ್ನು ಕೇಳುತ್ತಿರುತ್ತಾರೆ. ಆದುದರಿಂದ ಅವುಗಳ ಸತ್ಯಾಂಶವೆಷ್ಟು ಎಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ.

ಸ್ವತಂತ್ರರು ಯಾರು?

ಮೊದಲು ‘ಸ್ವಾತಂತ್ರ್ಯ’ ಎಂಬ ಶಬ್ದವನ್ನೇ ಪರಿಶೀಲಿಸೋಣ. ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ತತ್ತ್ವವನ್ನು ಸ್ವತಂತ್ರ ಮತ್ತು ಅಸ್ವತಂತ್ರ ಎಂದು ವಿಂಗಡಿಸಿ, ಸ್ವತಂತ್ರನು ಶ್ರೀವಿಷ್ಣುವೊಬ್ಬನೇ ಎಂದು ನಿರ್ಣಯಿಸಿದ್ದಾರೆ. ಆ ದೃಷ್ಟಿಯಲ್ಲಿ ಸ್ತ್ರೀಯಂತೆ ಪುರುಷನೂ ಅಸ್ವತಂತ್ರನೇ. ಸ್ತ್ರೀಯು ಸ್ವಾತಂತ್ರ್ಯಕ್ಕೆ ಅರ್ಹಳಲ್ಲವೆಂಬ ಮನುಸ್ಮೃತಿಯ ಮಾತನ್ನು ಮುಂದಿಟ್ಟುಕೊಂಡು ಪುರುಷನು ತಾನು ಮಾತ್ರ ಸ್ವತಂತ್ರನೆಂದು ಬಗೆದರೆ ಅದು ಸಿದ್ಧಾಂತಕ್ಕೆ ಒಪ್ಪುವುದಿಲ್ಲ. ಆ ಮಾತಿನ ಸಂದರ್ಭವು ತಂದೆ, ಪತಿ, ಪುತ್ರರ ರಕ್ಷಣೆಯ ಹೊಣೆಯನ್ನು ಕುರಿತದ್ದು. ರಕ್ಷಿಸುವ ಹೊಣೆ ಬೇರೆ, ಒಡೆತನ ಬೇರೆ. ನಮ್ಮ ತಾರತಮ್ಯಕ್ರಮದಲ್ಲಿ ಸರಸ್ವತೀ-ಭಾರತೀದೇವಿಯರು ಗರುಡ-ಶೇಷ-ರುದ್ರರಿಗಿಂತ ಮೇಲಿನ ಕಕ್ಷೆಯಲ್ಲಿರುವುದನ್ನೂ ಇಲ್ಲಿ ನೆನೆಯಬೇಕು.

ಲೋಕವ್ಯವಹಾರದಲ್ಲಿ ನಾವು ಸ್ವಾತಂತ್ರ್ಯವೆನ್ನುವುದು ಮುಖ್ಯವಾಗಿ ಮೂರು ವಿಷಯಗಳನ್ನು ಕುರಿತು: ವಿದ್ಯೆ, ಧನ ಮತ್ತು ಸಮಯ. ಇವು ಸ್ತ್ರೀಯ ಕೈಯಲ್ಲಿ ಎಷ್ಟಿದ್ದವು, ಎಷ್ಟಿವೆ ಎಂಬುದೇ ವಿಚಾರಣೀಯ.

ಮೈತ್ರೇಯಿ ಮತ್ತು ಕಾತ್ಯಾಯನಿ

ಬೃಹದಾರಣ್ಯಕೋಪನಿಷತ್ತಿನಲ್ಲಿ ಯಾಜ್ಞವಲ್ಕ್ಯರಿಗೆ ಇಬ್ಬರು ಪತ್ನಿಯರು. ಮೈತ್ರೇಯಿಯು ಬ್ರಹ್ಮವಾದಿನಿ, ಕಾತ್ಯಾಯನಿಯು ಗೃಹಕೃತ್ಯದ ತಿಳಿವಳಿಕೆಯುಳ್ಳ ಸಾಮಾನ್ಯ ಗೃಹಿಣಿ. ಋಷಿಗಳು ಗೃಹಸ್ಥಾಶ್ರಮವನ್ನು ಬಿಟ್ಟು ಹೊರಡುವಾಗ ಇಬ್ಬರಿಗೂ ಪಾಲನ್ನು ಮಾಡಿಕೊಡಲು ಮುಂದಾಗುತ್ತಾರೆ. ಸಮಸ್ತ ಭೂಮಿಯೇ ಧನದಿಂದ ತುಂಬಿದರೂ ಅಮೃತತ್ವ ಬರುವುದೇ ಎಂದು ಮೈತ್ರೇಯಿ ಕೇಳುತ್ತಾಳೆ. ಮುಂದಿನ ಉಪದೇಶವೆಲ್ಲ ಆ ಪ್ರಶ್ನೆಯಿಂದಲೇ ಹೊರಟಿದೆ. ಕಾತ್ಯಾಯನಿಯ ಮಾತು ಮತ್ತೆ ಬರುವುದಿಲ್ಲ.

ನಾವು ಪ್ರವಚನಗಳಲ್ಲಿ ಸ್ಮರಿಸುವುದು ಮೈತ್ರೇಯಿಯನ್ನು, ಜನಕನ ಸಭೆಯಲ್ಲಿ ಪ್ರಶ್ನಿಸಿದ ಗಾರ್ಗಿಯನ್ನು, ಋಗ್ವೇದದ ಋಷಿಕೆಯರಾದ ಘೋಷಾ, ಅಪಾಲಾ, ವಿಶ್ವವಾರೆಯರನ್ನು. ಅದು ಉಚಿತವೇ. ಆದರೆ ಒಂದು ಸಮಾಜದ ಸ್ಥಿತಿಯನ್ನು ಅಳೆಯಬೇಕಾದುದು ಅಸಾಧಾರಣ ಸ್ತ್ರೀಯರಿಂದಲ್ಲ, ಕಾತ್ಯಾಯನಿಯಂತಹ ಸಾಮಾನ್ಯ ಗೃಹಿಣಿಗೆ ದೊರೆತುದರಿಂದ. ಪ್ರಾಚೀನ ಕಾಲಕ್ಕೆ ಅನ್ವಯಿಸುವ ಈ ಮಾತು ಇಂದಿಗೂ ಅನ್ವಯಿಸುತ್ತದೆ.

ವಿದ್ಯೆ

ಆಚಾರ್ಯರು ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲಿಯೇ ಅಧಿಕಾರಿವಿಚಾರವನ್ನು ಎತ್ತಿಕೊಂಡು, ಊರ್ವಶೀ, ಯಮೀ, ಶಚೀ ಮೊದಲಾದ ಉತ್ತಮ ಸ್ತ್ರೀಯರಿಗೆ ವೇದಾಧಿಕಾರವುಂಟೆಂಬ ವ್ಯೋಮಸಂಹಿತೆಯ ವಚನವನ್ನು ಉದಾಹರಿಸಿದ್ದಾರೆ. ಉಳಿದ ಸ್ತ್ರೀಯರಿಗೆ ತಂತ್ರಜ್ಞಾನದಲ್ಲಿ ಅಧಿಕಾರವನ್ನು ಅಲ್ಲಿ ಹೇಳಿದೆ. ವೇದಾಧ್ಯಯನಕ್ಕೆ ಮಿತಿಯಿದ್ದರೂ ಜ್ಞಾನದ ಬಾಗಿಲನ್ನು ಯಾವ ಸ್ತ್ರೀಗೂ ಮುಚ್ಚಿಲ್ಲವೆಂಬುದು ಇದರಿಂದ ಸ್ಪಷ್ಟ. ಆದರೆ ಗ್ರಂಥದಲ್ಲಿ ತೆರೆದಿದ್ದ ಬಾಗಿಲು ಮನೆಯಲ್ಲಿ ತೆರೆದಿತ್ತೇ?

ಹದಿನೆಂಟನೆಯ ಶತಮಾನದ ಹೆಳವನಕಟ್ಟೆ ಗಿರಿಯಮ್ಮನವರು ‘ಚಂದ್ರಹಾಸನ ಕಥೆ’ಯಂತಹ ಕೃತಿಗಳನ್ನು ರಚಿಸಿದರು. ಸಂಸಾರದಲ್ಲಿ ಮನಸ್ಸು ನಿಲ್ಲದೆ ಅವರು ತಾವೇ ಮುಂದೆ ನಿಂತು ಪತಿಗೆ ಎರಡನೆಯ ಮದುವೆ ಮಾಡಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಹರಪನಹಳ್ಳಿ ಭೀಮವ್ವನವರು (1823–1903) ಬಾಲ್ಯದಲ್ಲಿಯೇ ತಮಗಿಂತ ಬಹಳ ಹಿರಿಯರೊಡನೆ ವಿವಾಹಿತರಾಗಿ, ವೈಧವ್ಯವನ್ನು ಅನುಭವಿಸಿ, ‘ಭೀಮೇಶಕೃಷ್ಣ’ ಅಂಕಿತದಿಂದ ಹಾಡುಗಳನ್ನು ರಚಿಸಿದರು. ಇವರ ಹಾಡುಗಳನ್ನು ನಮ್ಮ ತಾಯಂದಿರು ಇಂದಿಗೂ ಹೇಳುತ್ತಾರೆ. ಹರಿದಾಸಮಾರ್ಗವು ಸ್ತ್ರೀಯ ಕಂಠಕ್ಕೆ ಸ್ಥಾನ ಕೊಟ್ಟಿತೆಂಬುದು ನಮಗೆ ಹೆಮ್ಮೆಯ ವಿಷಯ. ಆದರೆ ಆ ಸ್ಥಾನಕ್ಕಾಗಿ ಇವರು ಪಟ್ಟ ಪಾಡನ್ನು ಮರೆತು ಹೆಮ್ಮೆಪಟ್ಟರೆ ಅದು ಅರ್ಧಸತ್ಯವಾಗುತ್ತದೆ.

ಇನ್ನೊಂದು ಪ್ರಸಂಗವು ಉಡುಪಿಯನ್ನೂ ಮುಂಬಯಿಯನ್ನೂ ಜೋಡಿಸುತ್ತದೆ. ಕಾರ್ಕಳದ ಬಳಿಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರು ತಮ್ಮ ಪತ್ನಿಗೆ ಸಂಸ್ಕೃತ ಕಲಿಸಿದರು. ಇದಕ್ಕೆ ಆಕ್ಷೇಪ ಬಂದಾಗ ಉಡುಪಿಯಲ್ಲಿ ಗುರುಗಳ ಮತ್ತು ಪಂಡಿತರ ಸಭೆಯ ಮುಂದೆ ಹಾಜರಾಗಿ, ಶಾಸ್ತ್ರಗ್ರಂಥಗಳ ಆಧಾರದಿಂದಲೇ ತಮ್ಮ ಪಕ್ಷವನ್ನು ಸಮರ್ಥಿಸಿದರೆಂದು ಅವರ ಮಗಳು ಬರೆದಿಟ್ಟಿದ್ದಾರೆ. ಆ ಮಗಳೇ 1858ರಲ್ಲಿ ಜನಿಸಿದ ಪಂಡಿತಾ ರಮಾಬಾಯಿ. ಅವರು 1889ರಲ್ಲಿ ಮುಂಬಯಿಯಲ್ಲಿ ವಿಧವೆಯರ ಶಿಕ್ಷಣಕ್ಕಾಗಿ ಶಾರದಾಸದನವನ್ನು ತೆರೆದರು. ಅದಕ್ಕೆ ಮೊದಲೇ, 1883ರಲ್ಲಿ, ಅವರು ಕ್ರೈಸ್ತಮತವನ್ನು ಸ್ವೀಕರಿಸಿದ್ದು ನಮ್ಮವರಿಗೆ ನೋವಿನ ಸಂಗತಿ. ಆದರೆ ಬಾಲವಿಧವೆಯರಿಗೆ ಆಶ್ರಯವನ್ನೂ ವಿದ್ಯೆಯನ್ನೂ ನಮ್ಮ ಸಮಾಜವೇ ಮೊದಲು ಕೊಟ್ಟಿದ್ದರೆ ಅವರು ಬೇರೆಡೆ ಹುಡುಕಬೇಕಾಗುತ್ತಿತ್ತೇ ಎಂಬ ಪ್ರಶ್ನೆಯನ್ನು ನಾವು ತಪ್ಪಿಸಿಕೊಳ್ಳಲಾಗದು.

ಧನ

ಧನದ ವಿಷಯದಲ್ಲಿ ಪ್ರಾಚೀನ ಸಮಾಜಗಳು ಒಂದೇ ತೆರನಾಗಿರಲಿಲ್ಲ. ಪ್ರಜಾಪ್ರಭುತ್ವದ ತವರೆನಿಸಿದ ಗ್ರೀಸಿನ ಅಥೆನ್ಸಿನಲ್ಲಿ ಸ್ತ್ರೀಯು ಒಂದು ಅಳತೆ ಜವೆಗೋದಿಯ ಬೆಲೆಯನ್ನು ಮೀರಿದ ವ್ಯವಹಾರವನ್ನು ಸ್ವಂತವಾಗಿ ಮಾಡುವಂತಿರಲಿಲ್ಲ. ಅದೇ ನಾಡಿನ ಸ್ಪಾರ್ಟಾದಲ್ಲಿ ಭೂಮಿಯ ಐದರಲ್ಲಿ ಎರಡು ಪಾಲು ಸ್ತ್ರೀಯರ ಕೈಯಲ್ಲಿತ್ತೆಂದು ಅರಿಸ್ಟಾಟಲನು ಹೇಳಿದ್ದಾನೆ.

ನಮ್ಮಲ್ಲಿ ಯಾಜ್ಞವಲ್ಕ್ಯಸ್ಮೃತಿಯು, ವಿಭಕ್ತನಾದ ಪತಿಯು ಪುತ್ರರಿಲ್ಲದೆ ತೀರಿಕೊಂಡರೆ ಮೊದಲು ಪತ್ನಿಗೆ, ಅನಂತರ ಪುತ್ರಿಗೆ ಆಸ್ತಿ ಸಲ್ಲುವುದೆಂದು ವಿಧಿಸಿತು. ಈ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕನ್ನಡನಾಡಿನ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದವನು. ಉಡುಗೊರೆಯಷ್ಟೇ ಅಲ್ಲ, ಉತ್ತರಾಧಿಕಾರದಿಂದಲೋ ಕ್ರಯದಿಂದಲೋ ವಿಭಾಗದಿಂದಲೋ ಬಂದುದೂ ಸ್ತ್ರೀಧನವೇ ಎಂದು ಅವನು ವಿಸ್ತರಿಸಿದನು. ಇಂಗ್ಲೆಂಡಿನಲ್ಲಿ ವಿವಾಹಿತೆಗೆ ತನ್ನ ಆಸ್ತಿಯ ಮೇಲೆ ಪೂರ್ಣ ಹಕ್ಕು ದೊರೆತುದು 1882ರ ಕಾಯಿದೆಯಿಂದ. ಅದೇ ಬ್ರಿಟಿಷರ ಆಳ್ವಿಕೆಯಲ್ಲಿ ನ್ಯಾಯಾಲಯಗಳು ವಿಜ್ಞಾನೇಶ್ವರನ ಈ ಉದಾರ ಅರ್ಥವನ್ನು ಸಂಕುಚಿತಗೊಳಿಸಿ, ವಿಧವೆಗೆ ಜೀವಿತಾವಧಿಯ ಅನುಭವದ ಹಕ್ಕನ್ನಷ್ಟೇ ಉಳಿಸಿದವು. ಮುಂಬಯಿ ಪ್ರಾಂತದಲ್ಲಿ ಮಾತ್ರ ಪುತ್ರಿಗೆ ಬಂದ ಉತ್ತರಾಧಿಕಾರವು ಪೂರ್ಣವೆನಿಸಿತು.

ಹಾಗೆಂದು ಮಿತಾಕ್ಷರೆಯಲ್ಲಿ ಸಮಾನತೆಯಿತ್ತೆಂದು ಹೇಳಲಾಗದು. ಪಿತ್ರಾರ್ಜಿತದಲ್ಲಿ ಜನ್ಮತಃ ಹಕ್ಕು ಪುತ್ರನಿಗೇ ಇತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಸ್ತ್ರೀಯ ಆಸ್ತಿಯನ್ನು ಪೂರ್ಣಸ್ವಾಮ್ಯವನ್ನಾಗಿ ಮಾಡಿತು. 1994ರಲ್ಲಿ ಕರ್ನಾಟಕ, ಮಹಾರಾಷ್ಟ್ರಗಳೆರಡೂ ಅವಿವಾಹಿತ ಪುತ್ರಿಯರಿಗೆ ಸಮಪಾಲನ್ನು ಕೊಟ್ಟವು. 2005ರ ತಿದ್ದುಪಡಿಯು ವಿವಾಹಿತೆಯರನ್ನೂ ಸೇರಿಸಿತು. ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದೂ, 2005ರಲ್ಲಿ ತಂದೆ ಜೀವಂತನಾಗಿರಬೇಕೆಂಬ ನಿಯಮವಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ಆದ ವಿಭಾಗಗಳಿಗೆ ಮಾತ್ರ ಇದರಿಂದ ಬಾಧೆಯಿಲ್ಲ.

ಕಾಯಿದೆ ಇಷ್ಟು ದೂರ ಬಂದಿದೆ. ನಾವು ಎಷ್ಟು ಬಂದಿದ್ದೇವೆ? ಊರಿನಲ್ಲಿ ತಂದೆಯ ಶ್ರಾದ್ಧ ಮುಗಿದು ಎಲ್ಲರೂ ಚಾವಡಿಯಲ್ಲಿ ಕುಳಿತಾಗ, ಮುಂಬಯಿಯಿಂದ ಬಂದ ತಂಗಿಯ ಮುಂದೆ ಹಕ್ಕು ಬಿಡುಗಡೆಯ ಪತ್ರ ಬರುತ್ತದೆ. ‘ನಿನಗೇನು ಕೊರತೆ? ಒಂದು ರುಜು ಹಾಕು’ ಎಂಬ ಮಾತು ಬರುತ್ತದೆ. ತವರು ತಪ್ಪಿಹೋದೀತೆಂಬ ಭಯದಿಂದ ಅವಳು ರುಜು ಹಾಕುತ್ತಾಳೆ. ಮನಸಾರೆ ಬಿಟ್ಟುಕೊಟ್ಟರೆ ಅದು ದಾನ. ತವರಿನ ಬಾಗಿಲಿಗೆ ಬೆಲೆ ಕಟ್ಟಿ ಬಿಡಿಸಿಕೊಂಡರೆ ಅದು ದಾನವಲ್ಲ. ಯಾಜ್ಞವಲ್ಕ್ಯರು ಕಾತ್ಯಾಯನಿ ಕೇಳುವ ಮೊದಲೇ ಅವಳ ಪಾಲನ್ನು ನೆನೆದರು. ನಾವು ಕಾಯಿದೆ ಕೊಟ್ಟ ಪಾಲನ್ನೂ ಮರೆಸಲು ಯತ್ನಿಸುತ್ತೇವೆ.

ಸಮಯ

ಆಧುನಿಕ ಸ್ವಾತಂತ್ರ್ಯಕ್ಕೆ ನಮ್ಮ ಬೊರಿವಲಿಯೇ ಒಂದು ನಿದರ್ಶನ. 1992ರ ಮೇ 5ರಂದು ಪಶ್ಚಿಮ ರೈಲ್ವೆಯ ಮೊದಲ ಲೇಡೀಸ್ ಸ್ಪೆಷಲ್ ಲೋಕಲ್ ಓಡಿದ್ದು ಚರ್ಚ್‌ಗೇಟ್ ಮತ್ತು ಬೊರಿವಲಿಯ ನಡುವೆ. ಇಡಿಯ ಗಾಡಿಯನ್ನೇ ತುಂಬುವಷ್ಟು ಸ್ತ್ರೀಯರು ದುಡಿಮೆಗೆ ಹೊರಟರೆಂಬುದು ಗಾರ್ಗಿಯ ಕಾಲದಲ್ಲಿ ಊಹಿಸಲಾಗದ ಸಂಗತಿ. ಆದರೆ ಅದೇ ಗಾಡಿಯಲ್ಲಿ ಸಂಜೆ ಮರಳುವ ತಾಯಿ ಮಡಿಲಲ್ಲಿ ಚೀಲವಿಟ್ಟುಕೊಂಡು ರಾತ್ರಿಯ ಅಡಿಗೆಗೆ ಸೊಪ್ಪು ಬಿಡಿಸುತ್ತಿರುತ್ತಾಳೆ. ಏಕಾದಶಿಯ ಉಪವಾಸ ಮುಗಿಸಿ, ದ್ವಾದಶಿಯ ನಸುಕಿನಲ್ಲೆದ್ದು ಮಡಿಯಲ್ಲಿ ಪಾರಣೆಯ ಅಡಿಗೆ ಮಾಡಿ, ಎಲ್ಲರಿಗೂ ಬಡಿಸಿ ಸ್ಟೇಷನ್ನಿಗೆ ಓಡುವವಳೂ ಅವಳೇ. ಸಂಬಳವನ್ನು ಅವಳೇ ತರುತ್ತಾಳೆ, ಆದರೆ ದಿನದಲ್ಲಿ ಒಂದು ಗಂಟೆಯೂ ಅವಳದಲ್ಲ. ಇದನ್ನು ಪೂರ್ಣ ಸ್ವಾತಂತ್ರ್ಯವೆಂದು ಹೇಗೆ ಕರೆಯುವುದು?

ನಮ್ಮ ಕರ್ತವ್ಯ

ಪ್ರಾಚೀನ ಸಮಾಜವು ಶ್ರೇಷ್ಠ ಸ್ತ್ರೀಯನ್ನು ಗೌರವಿಸಿ, ಸಾಮಾನ್ಯಳನ್ನು ಬಹುಮಟ್ಟಿಗೆ ಮರೆಯಿತು. ಆಧುನಿಕ ಸಮಾಜವು ಸಾಮಾನ್ಯಳಿಗೂ ಹಕ್ಕನ್ನು ಬರೆದುಕೊಟ್ಟಿದೆ. ಅದನ್ನು ಅನುಭವಿಸುವ ಬಿಡುವನ್ನೂ ಧೈರ್ಯವನ್ನೂ ಕೊಡಬೇಕಾದವರು ಮನೆಯವರು. ಆದುದರಿಂದ ಸಜ್ಜನರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಸರ್ವಮೂಲದ ಪಾಠವನ್ನು ದುಡಿಯುವ ಸ್ತ್ರೀಯರೂ ಬರಬಹುದಾದ ಹೊತ್ತಿನಲ್ಲಿ ಏರ್ಪಡಿಸೋಣ. ಆ ಹೊತ್ತಿಗೆ ಅಡುಗೆಮನೆಯ ಹೊಣೆಯನ್ನು ಮನೆಯ ಪುರುಷರು ವಹಿಸಲಿ. ಯಜ್ಞಗಳಲ್ಲಿ, ಮಠಗಳಲ್ಲಿ ಪಾಕ ಮಾಡುವವರು ಪುರುಷರೇ ಆಗಿರುವಾಗ ಇದರಲ್ಲಿ ಸಂಕೋಚಕ್ಕೆ ಎಡೆಯಿಲ್ಲ. ಊರಿನ ಆಸ್ತಿಯ ಪತ್ರವನ್ನು ತಂಗಿಗೆ ಮೊದಲು ಓದಿ ಹೇಳಿ, ವಿಚಾರಿಸಲು ಅವಕಾಶ ಕೊಟ್ಟು, ಅವಳು ‘ಇಲ್ಲ’ ಎಂದರೂ ತವರಿನ ಬಾಗಿಲು ತೆರೆದೇ ಇರುವುದೆಂದು ಅಣ್ಣಂದಿರು ಸ್ಪಷ್ಟವಾಗಿ ತಿಳಿಸಲಿ.

ಸ್ವತಂತ್ರನು ಶ್ರೀಹರಿಯೊಬ್ಬನೇ. ಅವನ ಅಧೀನರಾದ ನಾವು ಒಬ್ಬರನ್ನೊಬ್ಬರು ಅಧೀನಪಡಿಸಿಕೊಳ್ಳುವುದನ್ನು ಬಿಟ್ಟರೆ, ಮೈತ್ರೇಯಿಯ ಪ್ರಶ್ನೆಯನ್ನು ಕೇಳುವ ಬಿಡುವು ನಮ್ಮ ಮನೆಯ ಕಾತ್ಯಾಯನಿಗೂ ದೊರೆಯುವುದು.

ಶ್ರೀಕೃಷ್ಣಾರ್ಪಣಮಸ್ತು.