ವಿಟಮಿನ್ ಇ ಕ್ಯಾಪ್ಸೂಲ್: ಕೊಳ್ಳುವ ಮೊದಲು ಪಟ್ಟಿ ಓದೋಣ



ಬೆಳ್ತಂಗಡಿ ಕಡೆಯ ಒಂದು ಸಂಘದ ವಾರದ ಸಭೆ. ಉಳಿತಾಯದ ಲೆಕ್ಕ ಮುಗಿದು ಆರೋಗ್ಯದ ಮಾತು ಶುರುವಾಯಿತು. "ಬೀಡಿ ಕಟ್ಟಿ ಕಟ್ಟಿ ಬೆನ್ನು ಸೋತು ಹೋಗಿದೆ, ರಾತ್ರಿ ಕಾಲು ಹಿಡಿಯುತ್ತದೆ. ಅದಕ್ಕೆ ಈ ಹಸಿರು ಮಾತ್ರೆ ತೆಗೆದುಕೊಳ್ಳುತ್ತಾ ಇದ್ದೇನೆ" ಎಂದು ಹಿರಿಯ ಸದಸ್ಯೆಯೊಬ್ಬರು ಚೀಲದಿಂದ ವಿಟಮಿನ್ ಇ ಕ್ಯಾಪ್ಸೂಲಿನ ಪಟ್ಟಿ ತೆಗೆದು ತೋರಿಸಿದರು. ಪಕ್ಕದವರು, "ನಾನು ಅದನ್ನೇ ಒಡೆದು ಮುಖಕ್ಕೆ ಹಚ್ಚುತ್ತೇನೆ" ಎಂದರು. ಮೂರನೆಯವರು, "ನನ್ನ ಮಗಳು ಬಸುರಿ, ಅವಳಿಗೂ ಕೊಡಬಹುದಾ?" ಅಂತ ಕೇಳಿದರು.

ಹಿರಿಯ ಸದಸ್ಯೆಯ ಚೀಲದಲ್ಲಿ ಇನ್ನೊಂದು ಪಟ್ಟಿಯೂ ಇತ್ತು. ಹೃದಯದ ಕವಾಟ ಬದಲಾಯಿಸಿದ ಮೇಲೆ ದಿನಾಲೂ ತೆಗೆದುಕೊಳ್ಳಬೇಕಾದ, ರಕ್ತ ತೆಳು ಮಾಡುವ ಮಾತ್ರೆ ಅದು. ಎರಡನ್ನೂ ಒಟ್ಟಿಗೆ ನುಂಗುತ್ತಿದ್ದರು. ಈಚೆಗೆ ಹಲ್ಲುಜ್ಜುವಾಗ ರಕ್ತ ಬರುವುದುಂಟು ಎಂದೂ ಹೇಳಿದರು. ಕ್ಯಾಪ್ಸೂಲಿನ ವಿಷಯ ವೈದ್ಯರಿಗೆ ಹೇಳಿದ್ದೀರಾ ಎಂದು ಕೇಳಿದರೆ, "ವಿಟಮಿನ್ ಅಲ್ವಾ, ಅದನ್ನೆಂತ ಹೇಳುವುದು?" ಎಂದರು.

ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ, ಎಲ್ಲಿಗೆ ಹೋದರೂ ಇದೇ ಮಾತು ಕೇಳಿಬರುತ್ತದೆ. ಆದ್ದರಿಂದ ಈ ಸಲದ ಪಾಠ ವಿಟಮಿನ್ ಇ ಬಗ್ಗೆ. ಅದರಲ್ಲಿ ಎಷ್ಟು ರೂಪಗಳಿವೆ, ಯಾವುದು ಯಾರಿಗೆ, ಯಾರಿಗೆ ಬೇಡ ಎಂದು ತಿಳಿಯೋಣ.

1. ವಿಟಮಿನ್ ಇ ಎಂದರೇನು?

1922ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರಿನ್ ಬಿಷಪ್ ಎಂಬ ವಿಜ್ಞಾನಿಗಳು ಇದನ್ನು ಗುರುತಿಸಿದರು. ಆಹಾರದಲ್ಲಿ ಈ ಅಂಶ ಇಲ್ಲದ ಹೆಣ್ಣು ಇಲಿಗಳ ಗರ್ಭ ನಿಲ್ಲುತ್ತಿರಲಿಲ್ಲ. ಹಾಗಾಗಿ ಅದಕ್ಕೆ 'ಟೊಕೊಫೆರಾಲ್' ಎಂಬ ಹೆಸರು ಬಂತು. ಗ್ರೀಕ್ ಭಾಷೆಯಲ್ಲಿ 'ಟೊಕೋಸ್' ಎಂದರೆ ಹೆರಿಗೆ.

ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್. ಜೀವಕೋಶಗಳ ಹೊರಪದರದಲ್ಲಿರುವ ಕೊಬ್ಬು ಕೆಡದಂತೆ ಕಾಯುವುದು ಇದರ ಮುಖ್ಯ ಕೆಲಸ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಸುಮಾರು 10 ಮಿಲಿಗ್ರಾಂ ಮಾತ್ರ. ಆರೋಗ್ಯವಂತರಲ್ಲಿ ಇದರ ಕೊರತೆ ಅಪರೂಪ. ನಿಜವಾಗಿ ಕೊರತೆಯಾದರೆ ಕೈಕಾಲು ಜೋಮು ಹಿಡಿಯುವುದು, ನಡೆಯುವಾಗ ತೂರಾಡುವುದು ಮುಂತಾದ ನರದ ತೊಂದರೆ ಬರುತ್ತದೆ. ಬರೀ ಸುಸ್ತು, ಬೆನ್ನು ನೋವು ಎಂದರೆ ವಿಟಮಿನ್ ಇ ಕೊರತೆ ಎಂದು ತಿಳಿಯಬಾರದು.

2. ಪಟ್ಟಿಯ ಮೇಲೆ ಏನು ಬರೆದಿದೆ?

ಪಟ್ಟಿಯ ಹಿಂದೆ ಸಣ್ಣ ಇಂಗ್ಲಿಷ್ ಅಕ್ಷರಗಳಿರುತ್ತವೆ. ನಮಗೆ ಓದಲು ಕಷ್ಟವಾದರೆ ಹೈಸ್ಕೂಲಿಗೆ ಹೋಗುವ ಮಕ್ಕಳಿಂದ ಓದಿಸಬಹುದು. ಮೂರು ವಿಷಯ ನೋಡಬೇಕು.

(ಅ) ಹೆಸರಿನ ಮೊದಲಿನ ಅಕ್ಷರ. 'ಡಿ-ಆಲ್ಫಾ' ಎಂದಿದ್ದರೆ ಅದು ಸೋಯಾ ಮುಂತಾದ ಸಸ್ಯದ ಎಣ್ಣೆಯಿಂದ ಪಡೆದ ನೈಸರ್ಗಿಕ ರೂಪ. 'ಡಿಎಲ್-ಆಲ್ಫಾ' ಎಂದಿದ್ದರೆ ಕಾರ್ಖಾನೆಯಲ್ಲಿ ತಯಾರಿಸಿದ ಕೃತಕ ರೂಪ. ಬರೀ 'ಟೊಕೊಫೆರಿಲ್ ಅಸಿಟೇಟ್' ಎಂದಿದ್ದರೆ ಅದೂ ಸಾಮಾನ್ಯವಾಗಿ ಕೃತಕವೇ. ಕೃತಕ ಎಂದ ಕೂಡಲೇ ವಿಷ ಅಂತಲ್ಲ. ಅದರಲ್ಲಿ ಎಂಟು ಬಗೆಯ ಅಣುಗಳು ಬೆರೆತಿರುತ್ತವೆ. ನಮ್ಮ ಪಿತ್ತಜನಕಾಂಗ, ಅಂದರೆ ಲಿವರ್, ಅವುಗಳಲ್ಲಿ ಸುಮಾರು ಅರ್ಧವನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಹೊರಗೆ ಹಾಕುತ್ತದೆ. ಇಷ್ಟೇ ವ್ಯತ್ಯಾಸ.

(ಆ) ಹೆಸರಿನ ಕೊನೆ. 'ಟೊಕೊಫೆರಾಲ್' ಎಂದು ಮುಗಿದರೆ ಅದು ಇದ್ದ ಹಾಗೇ ಇರುವ ವಿಟಮಿನ್. ಗಾಳಿ ತಾಗಿದರೆ ಬೇಗ ಕೆಡುತ್ತದೆ. 'ಅಸಿಟೇಟ್' ಅಥವಾ 'ಸಕ್ಸಿನೇಟ್' ಎಂದಿದ್ದರೆ ಕೆಡದಂತೆ ಬೀಗ ಹಾಕಿಟ್ಟ ರೂಪ. ಕರುಳಿನಲ್ಲಿ ಆ ಬೀಗ ತೆರೆಯುತ್ತದೆ. ಆರೋಗ್ಯವಂತರಿಗೆ ಎರಡೂ ಒಂದೇ. ಯಾವ ರೂಪವಾದರೂ ಖಾಲಿ ಹೊಟ್ಟೆಗಿಂತ ಊಟದೊಟ್ಟಿಗೆ ಚೆನ್ನಾಗಿ ಹೀರಲ್ಪಡುತ್ತದೆ, ಯಾಕೆಂದರೆ ಅದಕ್ಕೆ ಕೊಬ್ಬು ಮತ್ತು ಪಿತ್ತರಸ ಬೇಕು.

(ಇ) ಪ್ರಮಾಣ. ಕೆಲವದರಲ್ಲಿ 'ಮಿ.ಗ್ರಾಂ', ಕೆಲವದರಲ್ಲಿ 'ಐ.ಯು.' ಎಂದಿರುತ್ತದೆ. ಐ.ಯು. ಎಂದರೆ ಅಂತಾರಾಷ್ಟ್ರೀಯ ಘಟಕ. ನೈಸರ್ಗಿಕ ರೂಪದ 1 ಐ.ಯು.ನಲ್ಲಿ ದೇಹಕ್ಕೆ ದಕ್ಕುವುದು 0.67 ಮಿ.ಗ್ರಾಂ. ಕೃತಕ ರೂಪದ 1 ಐ.ಯು.ನಲ್ಲಿ ದಕ್ಕುವುದು 0.45 ಮಿ.ಗ್ರಾಂ.

ಸಂಘದಲ್ಲಿ ಬಡ್ಡಿ ಲೆಕ್ಕ ಹಾಕುವ ನಮಗೆ ಈ ಲೆಕ್ಕ ಏನೂ ಕಷ್ಟ ಅಲ್ಲ. 400 ಐ.ಯು.ನ ನೈಸರ್ಗಿಕ ಕ್ಯಾಪ್ಸೂಲಿನಲ್ಲಿ ದೇಹಕ್ಕೆ ದಕ್ಕುವ ವಿಟಮಿನ್ 268 ಮಿ.ಗ್ರಾಂ, ಕೃತಕದಲ್ಲಿ 180 ಮಿ.ಗ್ರಾಂ. ದಿನಕ್ಕೆ ಬೇಕಾದದ್ದು 10 ಮಿ.ಗ್ರಾಂ ಎಂದಾದರೆ, ಕೃತಕ ಕ್ಯಾಪ್ಸೂಲ್ ಒಂದನ್ನು ನುಂಗಿದರೂ 18 ದಿನದ ಪಾಲನ್ನು ಒಂದೇ ದಿನ ನುಂಗಿದ ಹಾಗಾಯಿತು. ಅದನ್ನೇ ದಿನಾಲೂ ತಿಂಗಳುಗಟ್ಟಲೆ ಮಾಡಿದರೆ?

3. ಹೆಚ್ಚಾದರೆ ತೊಂದರೆ ಉಂಟಾ?

ಉಂಟು. ವಿಟಮಿನ್ ಇ ಹೆಚ್ಚಾದಾಗ ರಕ್ತ ಹೆಪ್ಪುಗಟ್ಟಿಸುವ ವಿಟಮಿನ್ ಕೆ ಕೆಲಸಕ್ಕೆ ಅಡ್ಡಿಯಾಗುತ್ತದೆ. ವಾರ್ಫರಿನ್, ಅಸೆನೊಕೌಮರಾಲ್ ಎಂಬ ಮಾತ್ರೆಗಳು ಮಾಡುವುದೂ ವಿಟಮಿನ್ ಕೆ ಕೆಲಸವನ್ನು ತಡೆಯುವುದನ್ನೇ. ಎರಡೂ ಸೇರಿದರೆ ರಕ್ತಸ್ರಾವದ ಭಯ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರೂ, ಆಪರೇಷನ್ ಅಥವಾ ಹಲ್ಲು ಕೀಳಿಸುವುದು ಇರುವವರೂ ಈ ಕ್ಯಾಪ್ಸೂಲಿನ ವಿಷಯ ವೈದ್ಯರಿಗೆ ಹೇಳಲೇಬೇಕು.

ಅಮೆರಿಕ, ಕೆನಡಾಗಳಲ್ಲಿ 35,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ದೊಡ್ಡ ಅಧ್ಯಯನದ ವರದಿ 2011ರಲ್ಲಿ ಬಂತು. ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಬಹುದೆಂಬ ಆಸೆಯಿಂದ ದಿನಕ್ಕೆ 400 ಐ.ಯು. ಕೃತಕ ವಿಟಮಿನ್ ಇ ಕೊಟ್ಟಿದ್ದರು. ಆದರೆ ಅದನ್ನು ತೆಗೆದುಕೊಂಡವರಲ್ಲಿ ಆ ಕ್ಯಾನ್ಸರ್ ಶೇಕಡಾ 17ರಷ್ಟು ಹೆಚ್ಚು ಕಂಡುಬಂತು. "ವಿಟಮಿನ್ ಅಲ್ವಾ, ಒಳ್ಳೆಯದೇ" ಎಂಬ ಮಾತು ಯಾವಾಗಲೂ ಸರಿಯಲ್ಲ ಎಂಬುದಕ್ಕೆ ಇದೊಂದು ಪಾಠ.

4. ಹಾಗಾದರೆ ಯಾರಿಗೆ, ಯಾವ ರೂಪ?

- ಪಿತ್ತರಸ ಸರಿಯಾಗಿ ಇಳಿಯದ ಲಿವರ್ ಕಾಯಿಲೆ ಇರುವ ಮಕ್ಕಳಿಗೆ ಎಣ್ಣೆಯ ರೂಪದ ವಿಟಮಿನ್ ಹತ್ತುವುದು ಕಷ್ಟ. ಅವರಿಗೆ ನೀರಿನಲ್ಲಿ ಬೆರೆಯುವ ಬೇರೆ ರೂಪವುಂಟು. ತಜ್ಞರೇ ಬರೆದು ಕೊಡುತ್ತಾರೆ.
- ಕರುಳಿನ ಆಪರೇಷನ್ ಅಥವಾ ಕಾಯಿಲೆಯಿಂದ ಕೊಬ್ಬು ಜೀರ್ಣವಾಗದವರಿಗೆ ವೈದ್ಯರು ಪರೀಕ್ಷೆ ಮಾಡಿ ಪ್ರಮಾಣ ನಿರ್ಧರಿಸುತ್ತಾರೆ.
- ಲಿವರಿನಲ್ಲಿ ಕೊಬ್ಬು ತುಂಬಿ ಊತ ಬಂದ ಕೆಲವರಿಗೆ ಕೊಡುವುದುಂಟು. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉಪಯೋಗ ಕಂಡದ್ದು ದಿನಕ್ಕೆ 800 ಐ.ಯು. ನೈಸರ್ಗಿಕ ರೂಪದಿಂದ, ಅದೂ ಸಕ್ಕರೆ ಕಾಯಿಲೆ ಇಲ್ಲದವರಲ್ಲಿ. ಸ್ಕ್ಯಾನಿಂಗ್ ಚೀಟಿಯಲ್ಲಿ 'ಫ್ಯಾಟಿ ಲಿವರ್' ಎಂದು ಕಂಡ ಕೂಡಲೇ ನಾವಾಗಿಯೇ ಕೊಳ್ಳುವ ಮದ್ದಲ್ಲ.
- ಗರ್ಭಿಣಿಯರಿಗೆ: ವಿಟಮಿನ್ ಇ ಮತ್ತು ಸಿ ಪೂರಕಗಳನ್ನು ಕೊಡುವ ಅಗತ್ಯವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದೆ. ಗರ್ಭಿಣಿಗೆ ಬೇಕಾದದ್ದು ಆಶಾ ಕಾರ್ಯಕರ್ತೆಯರ ಮೂಲಕ ಉಚಿತವಾಗಿ ಸಿಗುವ ಕೆಂಪು ಬಣ್ಣದ ಕಬ್ಬಿಣಾಂಶದ ಮಾತ್ರೆ. ಅದರಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಅದನ್ನು ಕಪಾಟಿನಲ್ಲಿಟ್ಟು ಹಣ ಕೊಟ್ಟು ಹಸಿರು ಕ್ಯಾಪ್ಸೂಲ್ ತರುವುದು ಬೇಡ.
- ಕಾಲು ಹಿಡಿಯುವುದಕ್ಕೆ: ವಿಟಮಿನ್ ಇ ಇಂದ ಗುಣವಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಒಂದೇ ಕಡೆ ಕೂತು ಬೀಡಿ ಕಟ್ಟುವವರು ಆಗಾಗ ಎದ್ದು ನಡೆಯಬೇಕು, ಮಲಗುವ ಮೊದಲು ಮೀನಖಂಡ ಎಳೆದು ಬಿಡಬೇಕು, ಸಾಕಷ್ಟು ನೀರು ಕುಡಿಯಬೇಕು. ಆದರೂ ಬಿಡದಿದ್ದರೆ ರಕ್ತ ಪರೀಕ್ಷೆ ಮಾಡಿಸಬೇಕು.
- ಮುಖಕ್ಕೆ ಹಚ್ಚುವುದಕ್ಕೆ: ಕಲೆ ಹೋಗುತ್ತದೆ ಎಂಬ ಭರವಸೆ ಇಲ್ಲ. ಕೆಲವರಿಗೆ ತುರಿಕೆ, ಕೆಂಪು ಗುಳ್ಳೆ ಏಳುತ್ತದೆ.

5. ನಮ್ಮ ಅಡುಗೆಮನೆಯಲ್ಲಿ ಏನುಂಟು?

ನಮ್ಮ ಜಿಲ್ಲೆಯಲ್ಲಿ ತೆಂಗಿನೆಣ್ಣೆಯ ಅಡುಗೆ ಹೆಚ್ಚು. ರುಚಿಗೂ ಅಭ್ಯಾಸಕ್ಕೂ ಅದು ಸರಿ. ಆದರೆ ತೆಂಗಿನೆಣ್ಣೆಯಲ್ಲಿ ವಿಟಮಿನ್ ಇ ಇಲ್ಲವೆನ್ನುವಷ್ಟು ಕಡಿಮೆ. ಸೂರ್ಯಕಾಂತಿ ಎಣ್ಣೆಯಲ್ಲಿ 100 ಗ್ರಾಂಗೆ ಸುಮಾರು 40 ಮಿ.ಗ್ರಾಂ, ಅಕ್ಕಿ ತೌಡಿನ ಎಣ್ಣೆಯಲ್ಲಿ ಸುಮಾರು 30 ಮಿ.ಗ್ರಾಂ ಇರುತ್ತದೆ. ಅಂದರೆ ಎರಡು ದೊಡ್ಡ ಚಮಚ ಸೂರ್ಯಕಾಂತಿ ಎಣ್ಣೆಯಲ್ಲೇ ದಿನದ ಪಾಲು ಸಿಕ್ಕಿತು. ತೆಂಗಿನೆಣ್ಣೆ ಬಿಡಿ ಎಂದು ಹೇಳುತ್ತಿಲ್ಲ. ಒಗ್ಗರಣೆಗೆ ಒಂದು, ಪಲ್ಯಕ್ಕೆ ಇನ್ನೊಂದು ಎಂದು ಎಣ್ಣೆ ಬದಲಾಯಿಸಿದರೆ ಸಾಕು, ಒಟ್ಟು ಪ್ರಮಾಣ ಹೆಚ್ಚಿಸಬಾರದು. ಕರಿದ ಎಣ್ಣೆಯನ್ನೇ ಪುನಃ ಪುನಃ ಕಾಯಿಸಿದರೆ ಅದರಲ್ಲಿದ್ದ ವಿಟಮಿನ್ ಇ ನಾಶವಾಗುತ್ತದೆ.

ನೆಲಗಡಲೆ ಬಡವರ ಬಾದಾಮಿ. 100 ಗ್ರಾಂನಲ್ಲಿ ಸುಮಾರು 8 ಮಿ.ಗ್ರಾಂ ಉಂಟು. ಮಳೆಗಾಲದಲ್ಲಿ ಪತ್ರೊಡೆ ಮಾಡುವ ಕೆಸುವಿನ ಎಲೆಯಲ್ಲಿ 100 ಗ್ರಾಂಗೆ ಸುಮಾರು 2 ಮಿ.ಗ್ರಾಂ. ಹರಿವೆ, ಬಸಳೆ, ಮೊಟ್ಟೆ, ಬಂಗುಡೆ ಇವುಗಳಿಂದಲೂ ಸ್ವಲ್ಪ ಸ್ವಲ್ಪ ಸೇರುತ್ತದೆ. ಜೊತೆಗೆ ಪ್ರೊಟೀನ್, ಕಬ್ಬಿಣ ಮುಂತಾದ ಬೇರೆ ಪೋಷಕಾಂಶಗಳೂ ಸಿಗುತ್ತವೆ. ಕ್ಯಾಪ್ಸೂಲಿನಲ್ಲಿ ಅವು ಸಿಗುವುದಿಲ್ಲ. ಸಾವಿರ ಬೀಡಿ ಕಟ್ಟಿ ತಂದ ಹಣದಲ್ಲಿ ಯಾವುದನ್ನು ಕೊಳ್ಳಬೇಕು ಎಂಬುದನ್ನು ಮನೆಯವರೆಲ್ಲ ಕೂತು ಯೋಚಿಸಬೇಕು.

6. ಆ ಹಿರಿಯ ಸದಸ್ಯೆ ಏನು ಮಾಡಿದರು?

ಸಭೆಯ ಮರುದಿನವೇ ಎರಡೂ ಪಟ್ಟಿ ಹಿಡಿದುಕೊಂಡು ವೈದ್ಯರ ಬಳಿ ಹೋದರು. ರಕ್ತ ಎಷ್ಟು ತೆಳುವಾಗಿದೆ ಎಂದು ತಿಳಿಯುವ ಐಎನ್‌ಆರ್ ಪರೀಕ್ಷೆ ಮಾಡಿಸಿದಾಗ ಇರಬೇಕಾದದ್ದಕ್ಕಿಂತ ಹೆಚ್ಚಿತ್ತು. ವೈದ್ಯರು ವಿಟಮಿನ್ ಇ ನಿಲ್ಲಿಸಿ, ಕೆಲವು ದಿನ ಬಿಟ್ಟು ಪುನಃ ಪರೀಕ್ಷೆಗೆ ಬರಹೇಳಿದರು. ಈಗ ವಸಡಿನ ರಕ್ತ ನಿಂತಿದೆ.

ಇಲ್ಲಿ ಒಂದು ಮಾತು ಚೆನ್ನಾಗಿ ನೆನಪಿಡಿ. ಅವರು ರಕ್ತ ತೆಳು ಮಾಡುವ ಮಾತ್ರೆಯನ್ನು ತಾವಾಗಿ ನಿಲ್ಲಿಸಲಿಲ್ಲ. ಹಾಗೆ ನಿಲ್ಲಿಸಿದ್ದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಅಪಾಯವಾಗುತ್ತಿತ್ತು. ನೀವೂ ಯಾವುದನ್ನು ಬಿಡಬೇಕು, ಯಾವುದನ್ನು ಮುಂದುವರಿಸಬೇಕು ಎಂದು ಕೇಳಿಯೇ ಮಾಡಿ. ಬಂಟ್ವಾಳ, ಬೆಳ್ತಂಗಡಿಯವರಿಗೆ ತಾಲೂಕು ಆಸ್ಪತ್ರೆ, ಮೂಡಬಿದ್ರೆಯವರಿಗೆ ಸಮುದಾಯ ಆರೋಗ್ಯ ಕೇಂದ್ರ ಹತ್ತಿರದಲ್ಲೇ ಉಂಟು. ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿ ಕೊಂಡೊಯ್ಯಿರಿ. ವಿಟಮಿನ್, ಟಾನಿಕ್, ಕಷಾಯದ ಪುಡಿ ಯಾವುದನ್ನೂ ಬಿಡಬೇಡಿ.

ದೇವರು ಕೊಟ್ಟ ಈ ದೇಹವನ್ನು ಕಾಪಾಡಿಕೊಳ್ಳುವುದು ನಮ್ಮ ಹೊಣೆ. ಪಟ್ಟಿ ಓದುವುದು, ಕೇಳಲು ನಾಚದಿರುವುದು ಅದರ ಮೊದಲ ಹೆಜ್ಜೆ.

ಸಂಘದ ಸಭೆಯಲ್ಲಿ ಚರ್ಚಿಸಲು:

1. ನಮ್ಮ ಸಂಘದಲ್ಲಿ ವೈದ್ಯರ ಚೀಟಿ ಇಲ್ಲದೆ ವಿಟಮಿನ್ ಮಾತ್ರೆ ತೆಗೆದುಕೊಳ್ಳುವವರು ಎಷ್ಟು ಜನ? ಯಾವ ಕಾರಣಕ್ಕೆ?
2. ಒಂದು ಪಟ್ಟಿ ತಂದು ಎಲ್ಲರೂ ಸೇರಿ ಓದಿ. 'ಡಿ' ಇದೆಯೇ, 'ಡಿಎಲ್' ಇದೆಯೇ? ಎಷ್ಟು ಐ.ಯು.? ಎಷ್ಟು ದಿನದ ಪಾಲು?
3. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವ ಸದಸ್ಯರು ಅಥವಾ ಅವರ ಮನೆಯವರು ಇದ್ದಾರೆಯೇ? ಅವರಿಗೆ ಈ ಪಾಠವನ್ನು ಯಾರು ತಿಳಿಸುತ್ತೀರಿ?
4. ಒಂದು ತಿಂಗಳು ಕ್ಯಾಪ್ಸೂಲಿಗೆ ಆಗುವ ಖರ್ಚಿನಲ್ಲಿ ಎಷ್ಟು ನೆಲಗಡಲೆ, ಮೊಟ್ಟೆ ತರಬಹುದು? ಲೆಕ್ಕ ಹಾಕಿ.