ರಂಗಭೋಗದ ಲೆಕ್ಕ: ಕಲಾಶಾಲೆ, ಧರ್ಮದತ್ತಿ ಮತ್ತು ಪಾರದರ್ಶಕತೆ

ಕನ್ನಡ ಶಾಸನಗಳನ್ನು ಅಭ್ಯಸಿಸುವ ವಿದ್ಯಾರ್ಥಿಗೆ ‘ಅಂಗಭೋಗ ರಂಗಭೋಗ’ ಎಂಬ ಜೋಡಿಮಾತು ಬಹುಬೇಗ ಎದುರಾಗುತ್ತದೆ. ದೇವರ ಮೂರ್ತಿಗೆ ಸಲ್ಲುವ ಸ್ನಾನ, ಗಂಧ, ಪುಷ್ಪ, ವಸ್ತ್ರಗಳ ಉಪಚಾರ ಅಂಗಭೋಗ; ದೇವರ ಮುಂದೆ ನಡೆಯುವ ಗೀತ, ವಾದ್ಯ, ನೃತ್ಯಗಳ ಸೇವೆ ರಂಗಭೋಗ. ಇವಕ್ಕಾಗಿ ಭೂಮಿಯನ್ನೋ ಸುಂಕದ ಆದಾಯವನ್ನೋ ಬಿಟ್ಟುಕೊಟ್ಟ ದತ್ತಿಗಳು ಹೇರಳವಾಗಿವೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ 8ನೆಯ ಶತಮಾನದ ಶಾಸನವೊಂದು, ಹಿಂದೆ ವಿಜಯಾದಿತ್ಯನು ಗಾಯಕರಿಗೆ ಕೊಟ್ಟಿದ್ದ ಹಕ್ಕುಗಳನ್ನು ರಾಣಿ ಲೋಕಮಹಾದೇವಿ ಮತ್ತೆ ಸ್ಥಿರಪಡಿಸಿದಳೆಂದು ತಿಳಿಸುತ್ತದೆ. ಅದೇ ಊರಿನ ಇನ್ನೊಂದು ಶಾಸನ ಅಚಲನೆಂಬ ನಟನನ್ನು ಹೊಗಳುತ್ತದೆ. ಕಲೆಗೆ ಧರ್ಮದ ಹಣ ಒದಗುವುದು ಕನ್ನಡ ನಾಡಿಗೆ ಹೊಸತಲ್ಲ. ಅದರಲ್ಲಿ ನಾಚಬೇಕಾದದ್ದೂ ಇಲ್ಲ.

ಗಮನಿಸಬೇಕಾದದ್ದು ಆ ದತ್ತಿಯನ್ನು ದಾಖಲಿಸಿದ ಕ್ರಮವನ್ನು. ಕೊಟ್ಟವರು ಯಾರು, ಯಾವ ದೇವರಿಗೆ, ಯಾವ ಸೇವೆಗೆ, ಭೂಮಿಯ ಅಳತೆ ಎಷ್ಟು, ಅದರ ನಾಲ್ಕು ಎಲ್ಲೆಗಳು ಯಾವುವು, ಅಳುಪಿದವರಿಗೆ ಬರುವ ಪಾಪವೇನು ಎಂಬುದೆಲ್ಲ ಕಲ್ಲಿನ ಮೇಲೆ, ಊರವರ ಕಣ್ಣಿಗೆ ಬೀಳುವ ಸ್ಥಳದಲ್ಲಿ ಇರುತ್ತದೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಬಹಿರಂಗ ಲೆಕ್ಕಪತ್ರ. ಆದರೆ ಶಾಸನ ಹೇಳದೆ ಬಿಟ್ಟ ಭಾಗವೊಂದಿದೆ. ರಂಗಭೋಗಕ್ಕೆ ನೇಮಕಗೊಂಡ ಪಾತ್ರದವಳನ್ನು ಅದು ಗ್ರಾಮದ ಆದಾಯದ ಜೊತೆಗೇ ಎಣಿಸುತ್ತದೆ. ಆಕೆಯ ಒಪ್ಪಿಗೆಯನ್ನು ಕೇಳಿದ ಗುರುತು ಅಲ್ಲಿ ಸಿಗುವುದಿಲ್ಲ. ಕೊಟ್ಟವನ ಹೆಸರನ್ನು ಪ್ರಕಟಿಸುವುದು ಪಾರದರ್ಶಕತೆಯ ಅರ್ಧಭಾಗ ಮಾತ್ರ. ಆ ಹಣದ ಜೊತೆಗೆ ಕಲಾವಿದನ ಮೇಲೆ ಬೀಳುವ ಕಟ್ಟುಪಾಡು ಯಾವುದು ಎಂಬುದು ಉಳಿದರ್ಧ. ಆಧುನಿಕ ಕಲಾಶಾಲೆಗಳ ಚರ್ಚೆಯಲ್ಲಿ ಹೆಚ್ಚಾಗಿ ಮರೆತುಹೋಗುವುದು ಈ ಎರಡನೆಯ ಭಾಗವೇ.

ಮದ್ರಾಸಿನ ಕಲಾಕ್ಷೇತ್ರದ ಚರಿತ್ರೆ ಇದಕ್ಕೆ ಒಳ್ಳೆಯ ಪಾಠ. ರುಕ್ಮಿಣಿದೇವಿ ಅರುಂಡೇಲ್ ಅದನ್ನು 1936ರಲ್ಲಿ ಸ್ಥಾಪಿಸಿದರು. ಅವರ ಪತಿ ಜಾರ್ಜ್ ಅರುಂಡೇಲ್ ಆಗ ಥಿಯಾಸಾಫಿಕಲ್ ಸೊಸೈಟಿಯ ಅಧ್ಯಕ್ಷರು. ಅದರ ಹಿಂದಿನ ವರ್ಷ ಸೊಸೈಟಿಯ ವಜ್ರಮಹೋತ್ಸವದಲ್ಲಿ, ಅಡಯಾರಿನ ಆವರಣದಲ್ಲಿ, ರುಕ್ಮಿಣಿದೇವಿಯವರ ನೃತ್ಯ ನಡೆದಿತ್ತು. ಶಾಲೆ ಮೊದಲಾದದ್ದೂ ಆ ಆವರಣದ ಆಶ್ರಯದಲ್ಲಿಯೇ. ಥಿಯಾಸಾಫಿಕಲ್ ಸೊಸೈಟಿ ತನ್ನನ್ನು ಒಂದು ಮತವೆಂದು ಎಂದೂ ಕರೆದುಕೊಂಡಿಲ್ಲ. ಎಲ್ಲ ಮತಗಳ ಹಿಂದಿರುವ ಸತ್ಯದ ಅನ್ವೇಷಣೆ ತನ್ನದೆಂದು ಅದು ಹೇಳುತ್ತದೆ. ಆದರೂ ಅದಕ್ಕೆ ತನ್ನದೇ ನಂಬಿಕೆಗಳಿವೆ, ಗುರುಪರಂಪರೆಯ ಕಲ್ಪನೆಯಿದೆ, ಜೀವನಕ್ರಮದ ಆದರ್ಶವಿದೆ. ರುಕ್ಮಿಣಿದೇವಿಯವರನ್ನು ಆನಿ ಬೆಸೆಂಟ್ ‘ಜಗನ್ಮಾತೆ’ಯ ಪ್ರತಿನಿಧಿಯಾಗಿ ಮುಂದಿಟ್ಟದ್ದು ಈ ನಂಬಿಕೆಗಳ ಚೌಕಟ್ಟಿನೊಳಗೆ. ಮತವೆಂಬ ಹೆಸರಿಲ್ಲದ ಸಂಸ್ಥೆಯಿಂದಲೂ ಮತಪ್ರಭಾವ ಹರಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಆ ಪ್ರಭಾವ ಪಠ್ಯದಲ್ಲಿ ಹೇಗೆ ಕಾಣಿಸಿತು? ದೇವದಾಸಿಯರ ಪರಂಪರೆಯಲ್ಲಿ ಬೆಳೆದುಬಂದಿದ್ದ ಸದಿರಾಟ ಇಲ್ಲಿ ಭರತನಾಟ್ಯವೆಂಬ ಹೆಸರಿನಲ್ಲಿ ಹೊಸ ರೂಪ ಪಡೆಯಿತು. ಗುರುಗಳು ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಂಥ ಪರಂಪರೆಯ ನಟ್ಟುವನಾರರೇ. ಆದರೆ ಶೃಂಗಾರದ ಪದಗಳಲ್ಲಿ ಆಯ್ಕೆ ನಡೆಯಿತು, ಭಕ್ತಿಗೆ ಮೇಲ್ಮೆ ದೊರೆಯಿತು, ವೇದಿಕೆಯ ಮೇಲೆ ನಟರಾಜನ ವಿಗ್ರಹ ಬಂತು. ದೇವದಾಸಿ ಕುಲದಲ್ಲಿಯೇ ಹುಟ್ಟಿದ ಮಹಾಕಲಾವಿದೆ ಬಾಲಸರಸ್ವತಿ ಈ ಶುದ್ಧೀಕರಣವನ್ನು ಒಪ್ಪಲಿಲ್ಲ. ಶೃಂಗಾರವೇ ಈ ಕಲೆಯ ಉತ್ತಮ ಭಾವವೆಂದು ಅವರು ವಾದಿಸಿದರು. ಇಬ್ಬರಲ್ಲಿ ಯಾರು ಸರಿ ಎಂಬುದು ಪ್ರಸ್ತುತ ವಿಷಯವಲ್ಲ. ತಾನು ಕಲಿಯುತ್ತಿರುವುದು ಸನಾತನವಾದ ಏಕೈಕ ಭರತನಾಟ್ಯವೆಂದು ನಂಬಿದ ವಿದ್ಯಾರ್ಥಿನಿಗೆ, ಅದರ ಹಿಂದೆ ಒಂದು ಆಯ್ಕೆಯಿದೆ, ಆ ಆಯ್ಕೆಗೆ ಒಂದು ತಾತ್ತ್ವಿಕ ಹಿನ್ನೆಲೆಯಿದೆ ಎಂಬುದು ಗೊತ್ತಿರಬೇಕಾಗಿತ್ತು.

ಇನ್ನೊಂದು ಸೂಕ್ಷ್ಮವಿದೆ. ನೆರವು ನಗದಾಗಿ ಬಂದರೆ ಜಮಾಖರ್ಚಿನ ಪುಸ್ತಕದಲ್ಲಿ ಒಂದು ಸಾಲಾದರೂ ಬೀಳುತ್ತದೆ. ನೆಲ, ಸಭಾಂಗಣ, ಊಟ, ಗಣ್ಯರ ಪರಿಚಯ ಇವುಗಳ ರೂಪದಲ್ಲಿ ಬಂದರೆ ಯಾವ ಸಾಲೂ ಇರುವುದಿಲ್ಲ. ಕಲಾಕ್ಷೇತ್ರ 1962ರಲ್ಲಿ ತಿರುವಾನ್ಮಿಯೂರಿನ ಸ್ವಂತ ಆವರಣಕ್ಕೆ ಹೋಯಿತು. 1993ರ ಸಂಸತ್ತಿನ ಕಾಯಿದೆ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯನ್ನಾಗಿ ಮಾಡಿತು. ಲೆಕ್ಕ ಈಗ ಸರಕಾರಿ ಪರಿಶೋಧನೆಗೆ ಒಳಪಟ್ಟಿದೆ. ಹಣದ ಮೂಲ ಬದಲಾಯಿತು. ಸ್ಥಾಪಕರ ಆದರ್ಶದ ಗುರುತುಗಳಾದ ಸಸ್ಯಾಹಾರ ಮತ್ತು ಆಲದ ಮರದಡಿಯ ಪ್ರಾತಃಪ್ರಾರ್ಥನೆ ಮಾತ್ರ ಶಾಲೆಯ ಸಂಪ್ರದಾಯವಾಗಿ ಮುಂದುವರಿದವು.

ಕೇರಳ ಕಲಾಮಂಡಲದ ಕಥೆ ಇದಕ್ಕೆ ತಿರುವುಮುರುವು. ಮಹಾಕವಿ ವಳ್ಳತ್ತೋಳ್ ಮತ್ತು ಮಣಕುಳಂ ಮುಕುಂದರಾಜ ಅದಕ್ಕೆ ಹಣ ಕೂಡಿಸಿದ್ದು ಲಾಟರಿ ನಡೆಸಿ. ಶಾಲೆ 1930ರಲ್ಲಿ ಆರಂಭವಾಯಿತು. 1941ರಲ್ಲಿ ಕೊಚ್ಚಿ ಸಂಸ್ಥಾನದ ಸರಕಾರ ಅದನ್ನು ವಹಿಸಿಕೊಂಡಿತು. ಮಠದ ಹಣವಿಲ್ಲ, ದೇವಸ್ವಂ ಹಣವಿಲ್ಲ. ಆದುದರಿಂದಲೇ 1957ರಲ್ಲಿ ಹೈದರಾಲಿ ಎಂಬ ಬಡ ಮುಸ್ಲಿಂ ಕುಟುಂಬದ ಬಾಲಕ ಅಲ್ಲಿ ಕಥಕಳಿ ಸಂಗೀತ ಕಲಿಯಲು ಸೇರಬಹುದಾಯಿತು. ಮುಂದೆ ಕಲಾಮಂಡಲಂ ಹೈದರಾಲಿ ಎಂದು ಪ್ರಸಿದ್ಧರಾದ ಅವರು ಕಥಕಳಿಯ ಅಗ್ರಗಣ್ಯ ಗಾಯಕರಲ್ಲೊಬ್ಬರು. ಆದರೆ ಕಥಕಳಿಯ ವೇದಿಕೆಗಳಲ್ಲಿ ಬಹಳಷ್ಟು ಇದ್ದದ್ದು ದೇವಾಲಯಗಳ ಒಳಗೆ, ಅಲ್ಲಿಗೆ ಅಹಿಂದೂಗಳಿಗೆ ಪ್ರವೇಶವಿಲ್ಲ. ಒಂದು ದೇವಾಲಯದಲ್ಲಿ ಆವರಣದ ಗೋಡೆಯನ್ನು ತೆರೆದು ವೇದಿಕೆಯನ್ನು ಹೊರಕ್ಕೆ ಚಾಚಿ, ಅವರು ಹೊರಗೆ ನಿಂತು ಹಾಡುವಂತೆ ಮಾಡಿದ ಪ್ರಸಂಗವನ್ನು ಕೇರಳದಲ್ಲಿ ಇಂದಿಗೂ ನೆನೆಯುತ್ತಾರೆ. ಶಾಲೆ ಬಾಗಿಲು ತೆರೆದಿತ್ತು. ಶಾಲೆ ಕಲಿಸಿದ ವಿದ್ಯೆಗೆ ಅನ್ನ ಹಾಕಬೇಕಾದ ರಂಗಸ್ಥಳ ತೆರೆದಿರಲಿಲ್ಲ.

ಕಲಾಮಂಡಲದ ವಿದ್ಯಾರ್ಥಿನಿಲಯದಲ್ಲಿ ಮೊದಲ ಬಾರಿಗೆ ಮಾಂಸಾಹಾರ ಬಡಿಸಿದ್ದು 2024ರ ಜುಲೈಯಲ್ಲಿ, ಕೋಳಿ ಬಿರಿಯಾನಿಯ ರೂಪದಲ್ಲಿ. ಸುಮಾರು 94 ವರ್ಷ ಸಸ್ಯಾಹಾರವೇ ರೂಢಿ. ಮಳೆಗಾಲದ ಎಣ್ಣೆ ಉಳಿಚ್ಚಿಲಿನ ಪಥ್ಯಕ್ಕೆ ಅದು ಅಗತ್ಯವೆಂದು ಬದಲಾವಣೆಯನ್ನು ವಿರೋಧಿಸಿದವರು ಹೇಳಿದರು. ಆ ಕಾರಣದಲ್ಲಿ ತಥ್ಯವಿರಬಹುದು. ಆದರೆ ಉಳಿಚ್ಚಿಲ್ ವರ್ಷವಿಡೀ ನಡೆಯುವುದಿಲ್ಲ. ಸರಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿಯೂ ಒಂದು ಸಮುದಾಯದ ಆಚಾರ ಶಿಸ್ತಿನ ವೇಷದಲ್ಲಿ ನೆಲೆಸಬಲ್ಲದು ಎಂಬ ಅನುಮಾನಕ್ಕೆ ಇಲ್ಲಿ ಎಡೆಯಿದೆ. ಲೆಕ್ಕಪುಸ್ತಕವನ್ನು ಎಷ್ಟು ತಿರುವಿದರೂ ಇಂಥ ಪ್ರಭಾವ ಸಿಗದು.

ಕಾಸರಗೋಡು ಸೀಮೆಯ ವಿದ್ಯಾರ್ಥಿಗೆ ಈ ಪ್ರಶ್ನೆ ಮನೆಯಂಗಳದ್ದು. ತೆಂಕುತಿಟ್ಟಿನ ಮೇಳಗಳಲ್ಲಿ ಹಲವು ದೇವಾಲಯಗಳ ಹೆಸರಿನಲ್ಲಿ ತಿರುಗಾಟ ಹೊರಡುತ್ತವೆ. ಕಟೀಲು, ಧರ್ಮಸ್ಥಳಗಳ ಮೇಳಗಳು ಎಲ್ಲರಿಗೂ ಗೊತ್ತು. ಹರಕೆ ಹೊತ್ತವರು ವೀಳ್ಯ ಕೊಟ್ಟು ಆಟ ಆಡಿಸುತ್ತಾರೆ. ಚೌಕಿಯಲ್ಲಿ ಗಣಪತಿಗೆ ಪೂಜೆಯಾದ ಮೇಲೆಯೇ ವೇಷಗಳು ರಂಗಸ್ಥಳಕ್ಕೆ ಬರುತ್ತವೆ. ಇಲ್ಲಿ ಯಾವುದೂ ಮುಚ್ಚಿಟ್ಟದ್ದಲ್ಲ, ಕರಪತ್ರದಲ್ಲಿಯೇ ದೇವರ ಹೆಸರೂ ಹರಕೆಯವರ ಹೆಸರೂ ಅಚ್ಚಾಗಿರುತ್ತವೆ. ಶಾಸನದ ಕ್ರಮ ಇಲ್ಲಿ ಇನ್ನೂ ಜೀವಂತ ಎನ್ನಬಹುದು. ಯಕ್ಷಗಾನದ ಶಿಕ್ಷಣ ಕೇಂದ್ರಗಳ ಹಿನ್ನೆಲೆ ಬಗೆಬಗೆಯದು: ಉಡುಪಿಯ ಯಕ್ಷಗಾನ ಕೇಂದ್ರ ಬೆಳೆದದ್ದು ಕಾಲೇಜಿನ ಆಶ್ರಯದಲ್ಲಿ, ಧರ್ಮಸ್ಥಳದ ಲಲಿತಕಲಾ ಕೇಂದ್ರ ಕ್ಷೇತ್ರದ ಆಶ್ರಯದಲ್ಲಿ.

ಎಡನೀರು ಮಠವನ್ನು ಇಲ್ಲಿ ಬಿಡುವಂತಿಲ್ಲ. ಅದರ ಪೀಠಾಧಿಪತಿಗಳಾಗಿದ್ದ ಕೇಶವಾನಂದ ಭಾರತಿ ಸ್ವಾಮೀಜಿ ಸ್ವತಃ ಹಾಡುಗಾರರು, ಯಕ್ಷಗಾನದ ಪೋಷಕರು. ಕೇರಳದ ಭೂಸುಧಾರಣೆ ಕಾಯಿದೆಯಿಂದ ಮಠದ ಭೂಮಿ ಕೈಬಿಡುವ ಸಂದರ್ಭದಲ್ಲಿ ಅವರು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಾಧೀಶರ ಪೀಠ 1973ರ ಏಪ್ರಿಲ್ 24ರಂದು 7-6ರ ಬಹುಮತದಿಂದ ಸಂವಿಧಾನದ ಮೂಲರಚನೆಯ ತತ್ತ್ವವನ್ನು ಸಾರಿತು. ದೇಶಕ್ಕೆ ಈ ತೀರ್ಪು ಆ ತತ್ತ್ವದಿಂದ ಪ್ರಸಿದ್ಧ. ಆದರೆ ಅರ್ಜಿಯ ಮೂಲದಲ್ಲಿದ್ದದ್ದು ಧಾರ್ಮಿಕ ಸಂಸ್ಥೆಯ ಆಸ್ತಿಯನ್ನು ಯಾರು ನಿರ್ವಹಿಸಬೇಕು ಎಂಬ ಪ್ರಶ್ನೆ. ಸಂವಿಧಾನದ 26ನೆಯ ವಿಧಿ ಧಾರ್ಮಿಕ ಪಂಗಡಗಳಿಗೆ ಸಂಸ್ಥೆಗಳನ್ನು ಕಟ್ಟುವ, ಆಸ್ತಿ ಹೊಂದುವ ಹಕ್ಕನ್ನು ಕೊಡುತ್ತದೆ. 25ನೆಯ ವಿಧಿ ಧರ್ಮಕ್ಕೆ ಅಂಟಿಕೊಂಡ ಆರ್ಥಿಕ ವ್ಯವಹಾರವನ್ನು ನಿಯಂತ್ರಿಸುವ ಅಧಿಕಾರವನ್ನು ಸರಕಾರಕ್ಕೆ ಉಳಿಸುತ್ತದೆ. ಮಠ ನಡೆಸುವ ಕಲಾಶಾಲೆ ಈ ಎರಡರ ನಡುವೆ ನಿಂತಿರುತ್ತದೆ.

ವಿದ್ಯಾರ್ಥಿಯ ಕಡೆಯಿಂದ ನೋಡಿದರೆ ಹೆಚ್ಚು ಉಪಯುಕ್ತವಾದದ್ದು 28ನೆಯ ವಿಧಿ. ಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಅಂಥ ಬೋಧನೆಯಲ್ಲಿ ಭಾಗವಹಿಸುವಂತೆ, ಅಲ್ಲಿಯೋ ಅದಕ್ಕೆ ಸೇರಿದ ಕಟ್ಟಡದಲ್ಲಿಯೋ ನಡೆಯುವ ಪೂಜೆಗೆ ಹಾಜರಾಗುವಂತೆ ಯಾರನ್ನೂ ಒತ್ತಾಯಿಸಬಾರದು; ವಿದ್ಯಾರ್ಥಿಯ, ಅಪ್ರಾಪ್ತನಾಗಿದ್ದರೆ ಪಾಲಕರ, ಒಪ್ಪಿಗೆ ಇರಬೇಕು. ಹಾಗಿದ್ದರೆ ಯಕ್ಷಗಾನದ ಪೂರ್ವರಂಗವನ್ನು ಕಲಿಸುವುದು ಧಾರ್ಮಿಕ ಬೋಧನೆಯೇ? ಅಲ್ಲವೆನ್ನಬೇಕು. ‘ಸಭಾಲಕ್ಷಣ’ದ ಗಣಪತಿ ಸ್ತುತಿ ಕಲೆಯ ಅಂಗ, ಅದನ್ನು ಬಿಟ್ಟರೆ ಪಾಠವೇ ಕುಂಟುತ್ತದೆ. ಗುರುನಾನಕರ ಜೀವನ ಮತ್ತು ಬೋಧನೆಗಳ ಅಧ್ಯಯನ ಧಾರ್ಮಿಕ ಬೋಧನೆಯಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 1971ರ ಡಿ.ಎ.ವಿ. ಕಾಲೇಜು ಪ್ರಕರಣದಲ್ಲಿ ಹೇಳಿದೆ. ಆದರೆ ಅದೇ ಕೇಂದ್ರದ ವಿದ್ಯಾರ್ಥಿ ಸಂಜೆಯ ಮಂಗಳಾರತಿಗೆ ಕಡ್ಡಾಯವಾಗಿ ಸಾಲು ನಿಲ್ಲಬೇಕೆಂದರೆ ಅದು ಬೇರೆ ಮಾತು. ಹಾಡು ಒಂದೇ ಇರಬಹುದು. ತರಗತಿಯಲ್ಲಿ ಅದು ಪಾಠ, ಗುಡಿಯಲ್ಲಿ ಅದು ಆರಾಧನೆ.

ಹಣದ ವಿಷಯದಲ್ಲಿ ಆದಾಯ ತೆರಿಗೆ ಕಾನೂನು ಕುತೂಹಲಕರವಾದ ಭೇದವನ್ನು ಕಲ್ಪಿಸಿದೆ. 1961ರ ಕಾಯಿದೆಗೆ 2006ರಲ್ಲಿ ಸೇರಿದ ವಿಧಿಯೊಂದು ದಾನಿಯ ಹೆಸರು, ವಿಳಾಸಗಳಿಲ್ಲದ ದೇಣಿಗೆಗೆ, ಒಂದು ಮಿತಿಯ ಮೇಲೆ, 30 ಶೇಕಡ ತೆರಿಗೆ ವಿಧಿಸಿತು. ಕೇವಲ ಧಾರ್ಮಿಕವಾದ ಟ್ರಸ್ಟಿಗೆ ವಿನಾಯಿತಿ. ಕಾಣಿಕೆ ಡಬ್ಬಿಗೆ ಹಾಕಿದವರ ಹೆಸರನ್ನು ಯಾರು ಬರೆದಿಡುತ್ತಾರೆ? ಆದರೆ ಧರ್ಮಕಾರ್ಯವನ್ನೂ ಲೋಕೋಪಕಾರವನ್ನೂ ಒಟ್ಟಿಗೆ ನಡೆಸುವ ಟ್ರಸ್ಟಿಗೆ, ತಾನು ನಡೆಸುವ ಶಾಲೆಗೆಂದೇ ಕೊಟ್ಟ ಅನಾಮಿಕ ದೇಣಿಗೆಯ ಮಟ್ಟಿಗೆ ಈ ವಿನಾಯಿತಿ ಇಲ್ಲ. ದೇವರಿಗೆ ಗುಪ್ತದಾನ ಸಲ್ಲಬಹುದು, ಶಾಲೆಗೆ ಸಲ್ಲದು ಎಂಬ ಈ ವಿವೇಕ ಮೆಚ್ಚತಕ್ಕದ್ದು. 2005ರ ಮಾಹಿತಿ ಹಕ್ಕು ಕಾಯಿದೆಯೂ ಸರಕಾರದಿಂದ ಗಣನೀಯ ನೆರವು ಪಡೆದ ಖಾಸಗಿ ಸಂಸ್ಥೆಗಳನ್ನು ಒಳಗೊಳ್ಳುತ್ತದೆ. ಪೂರ್ಣವಾಗಿ ಸ್ವಂತ ಹಣದಲ್ಲಿ ನಡೆಯುವ ಗುರುಕುಲಕ್ಕೆ ಅದು ನೇರವಾಗಿ ಅನ್ವಯಿಸದು. ಅಲ್ಲಿ ಉಳಿಯುವುದು ಸಂಸ್ಥೆಯ ಸ್ವಯಂಪ್ರೇರಣೆ ಮತ್ತು ಪಾಲಕರು ಕೇಳುವ ಪ್ರಶ್ನೆ.

ಆ ಪ್ರಶ್ನೆಗಳು ದೊಡ್ಡವಲ್ಲ. ಊಟ ವಸತಿಗಳ ಖರ್ಚು ಯಾರದು? ಉಚಿತ ಶಿಕ್ಷಣಕ್ಕೆ ಬದಲಾಗಿ ಕಲಿತವನು ಅದೇ ಸಂಸ್ಥೆಯ ಮೇಳದಲ್ಲಿ ಇಷ್ಟು ವರ್ಷ ತಿರುಗಾಟ ಮಾಡಬೇಕೆಂಬ ಷರತ್ತು ಇದೆಯೇ? ಪೂಜೆ, ಆಹಾರ, ಉಡುಪುಗಳ ನಿಯಮಗಳಲ್ಲಿ ಯಾವುದು ಕಲೆಯ ಅಗತ್ಯ, ಯಾವುದು ಸಂಸ್ಥೆಯ ಆಚಾರ? ಅನ್ಯಮತದ ವಿದ್ಯಾರ್ಥಿ ಕಲಿತು ಮುಗಿಸಿದ ಮೇಲೆ ಯಾವ ರಂಗಸ್ಥಳಗಳನ್ನು ಹತ್ತಬಹುದು? ಯಕ್ಷಗಾನ, ಕಥಕಳಿಗಳನ್ನು ಕಲಿಯಲು ಬರುವವರು ಹೆಚ್ಚಾಗಿ ಹತ್ತು ಹನ್ನೆರಡರ ವಯಸ್ಸಿನ ಮಕ್ಕಳು. ಅವರ ಪರವಾಗಿ ಸಹಿ ಹಾಕುವ ತಂದೆತಾಯಿಗಳ ಕೈಗೆ ಪ್ರವೇಶಪತ್ರದ ಜೊತೆಗೆ ಈ ಉತ್ತರಗಳೂ ಬರಹದಲ್ಲಿ ಸಿಕ್ಕಿದಾಗ ಮಾತ್ರ 28ನೆಯ ವಿಧಿ ಹೇಳುವ ‘ಒಪ್ಪಿಗೆ’ಗೆ ಅರ್ಥ ಬರುತ್ತದೆ.